ಕಪ್ಪು ಕಾರು, ಬೋರ್‌ವೆಲ್ ನೀರು: ಯಾವ ಶಾಂಪೂ, ಯಾವ ಬಟ್ಟೆ?

ಯಲಹಂಕ_ಎರಡನೇಮಹಡಿ:

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಹೊಸ ಕಾರು ತಂದೆವು. ಮನೆಯವರೆಲ್ಲ ಸೇರಿ ಕಪ್ಪು ಬಣ್ಣ ಆರಿಸಿದ್ದು. ಈಗ ಸಂಜೆ ಬಿಸಿಲು ಬಾನೆಟ್ ಮೇಲೆ ಬಿದ್ದಾಗ ನೋಡಿದರೆ ತುಂಬ ಸಣ್ಣ ಗೀರುಗಳು, ಜೇಡರ ಬಲೆ ಹಾಸಿದ ಹಾಗೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಕಾರು ಒರೆಸಲು ಒಬ್ಬರು ಬರುತ್ತಾರೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಬೇಸ್‌ಮೆಂಟಿನ ಅಷ್ಟೂ ಕಾರು. ಅವರನ್ನು ದೂರಲು ಮನಸ್ಸಿಲ್ಲ, ಯಾರೂ ಅವರಿಗೆ ಬೇರೆ ಸಾಮಾನು ಕೊಟ್ಟಿಲ್ಲ. ಇನ್ನು ಭಾನುವಾರ ನಾನೇ ತೊಳೆಯೋಣ ಅಂದುಕೊಂಡಿದ್ದೇನೆ.

ಆನ್‌ಲೈನ್‌ನಲ್ಲಿ ಹುಡುಕಿದರೆ 3ಎಂ, ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್, ಸೋನ್ಯಾಕ್ಸ್, ಫಾರ್ಮುಲಾ 1 ಅಂತ ಸಾಲು ಸಾಲು ಬರುತ್ತವೆ. ಒಂದರಲ್ಲಿ ವ್ಯಾಕ್ಸ್ ಇದೆ ಅನ್ನುತ್ತಾರೆ, ಇನ್ನೊಂದರಲ್ಲಿ ನೊರೆ ಜಾಸ್ತಿ ಅನ್ನುತ್ತಾರೆ. ಯಾವುದು ತಗೊಳ್ಳಲಿ? ನಮ್ಮದು ಬೋರ್‌ವೆಲ್ ನೀರು, ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ. ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಸಬೇಕು.

ಪುತ್ತೂರು_ಪೇಂಟರ್:

ಸರ್, ನಾನು ಪುತ್ತೂರಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವನು. ಡೆಂಟ್ ತೆಗೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಬಣ್ಣ ಹೊಡೆದು, ಕೊನೆಗೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹೊಡೆಯುವುದು ನನ್ನ ಕೆಲಸ. ಹೊಳಪೆಲ್ಲ ಇರುವುದು ಆ ಕ್ಲಿಯರ್ ಕೋಟ್‌ನಲ್ಲಿ. ಕಂಪನಿಯಿಂದ ಬರುವ ಕಾರಿನಲ್ಲಿ ಅದು ಸುಮಾರು 40ರಿಂದ 50 ಮೈಕ್ರಾನ್. ಅಂದರೆ ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಅದೇ ಸ್ವಲ್ಪ ಸ್ವಲ್ಪ ಸವೆಯುವುದು. ಆದ್ದರಿಂದ ಗೀರು ಬಿದ್ದ ಮೇಲೆ ತೆಗೆಸುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು.

ನೀವು ಶಾಂಪೂ ಕೇಳಿದ್ದೀರಿ. ನಾನು ಮೊದಲು ಬಟ್ಟೆ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಗೀರು ಬೀಳುವುದು ಶಾಂಪೂವಿನಿಂದ ಅಲ್ಲ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಅದರ ಮೇಲೆ ಬಟ್ಟೆ ಇಟ್ಟು ಒತ್ತಿ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸವೇ. ನಂಬಿಕೆ ಬಾರದಿದ್ದರೆ ಹೀಗೆ ನೋಡಿ: ತೊಳೆದ ಕಾರು ಅಂತ ನೀವು ಅಂದುಕೊಂಡಿರುವ ಡೋರಿನ ಕೆಳಭಾಗಕ್ಕೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮೆಲ್ಲಗೆ ಸವರಿ. ಬರಿ ಬೆರಳಿಗೆ ನುಣುಪಾಗಿ ಸಿಗುವ ಜಾಗವೇ ಕವರಿನೊಳಗಿನ ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ತೊಳೆದರೂ ಹೋಗದೆ ಅಂಟಿ ಕೂತಿರುವ ಕೊಳೆ ಅದು.

ಅದಕ್ಕೆ ಸ್ಪಂಜು ಬೇಡ. ಸ್ಪಂಜಿನ ಮುಖ ಚಪ್ಪಟೆ, ಕಣ ಒಳಗೆ ಹೋಗಲು ಜಾಗ ಇಲ್ಲ, ಪೇಂಟಿಗೂ ಸ್ಪಂಜಿಗೂ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಹಳೇ ಬನಿಯನ್, ಹಳದಿ ಬಟ್ಟೆ ಎರಡೂ ಬೇಡ. ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಮಿಟ್ ತಗೊಳ್ಳಿ, ಉದ್ದ ಎಳೆಗಳಿರುವುದು. ಕಣ ಎಳೆಗಳ ನಡುವೆ ಒಳಗೆ ಹೋಗುತ್ತದೆ, ನೀರಲ್ಲಿ ಅಲುಗಿಸಿದರೆ ಉದುರುತ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಡೋರ್ ಆದ ಮೇಲೆ ಮಿಟ್ ಅನ್ನು ಬರೀ ನೀರಿನಲ್ಲಿ ಚೆನ್ನಾಗಿ ಅಲುಗಿಸಿ, ಹಿಂಡಿ, ಆಮೇಲೆ ಶಾಂಪೂವಿಗೆ ಅದ್ದಿ. ಬಕೆಟ್ ತಳಕ್ಕೆ ಇಡುವ ಜಾಲರಿ ಪ್ರತ್ಯೇಕವಾಗಿ ಸಿಗುತ್ತದೆ. ಅದಕ್ಕೆ ದುಡ್ಡು ಹಾಕಬೇಕಾಗಿಲ್ಲ. ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿದರೆ ಸಾಕು, ಕೊಳೆ ಅದರ ಕೆಳಗೆ ಇಳಿಯುತ್ತದೆ, ಮಿಟ್‌ಗೆ ಮತ್ತೆ ತಾಗುವುದಿಲ್ಲ.

ಶಾಂಪೂ ವಿಷಯಕ್ಕೆ ಬರುತ್ತೇನೆ. ನೀವು ಹೇಳಿದ ಹೆಸರುಗಳಲ್ಲಿ ಯಾವುದು ತಂದರೂ ತೊಂದರೆ ಇಲ್ಲ. ನೋಡಬೇಕಾದದ್ದು ಎರಡೇ: ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರಬೇಕು, ನೀರಿಗೆ ಹಾಕಿ ಬೆರಳಲ್ಲಿ ಉಜ್ಜಿದರೆ ಚೆನ್ನಾಗಿ ಜಾರಬೇಕು. ಜಾರುವುದೇ ಮುಖ್ಯ, ನೊರೆ ಅಲ್ಲ. ಬೋರ್‌ವೆಲ್ ನೀರಿನಲ್ಲಿ ನೊರೆ ಹೇಗೂ ಕಡಿಮೆ ಬರುತ್ತದೆ. ಅದನ್ನು ನೋಡಿ ಇನ್ನಷ್ಟು ಸುರಿಯಬೇಡಿ, ತೊಳೆದು ಹೋಗದೆ ಪದರ ಉಳಿಯುತ್ತದೆ. ಅಳತೆ ಬಾಟಲಿ ಮೇಲೆ ಇರುತ್ತದೆ. ಮೆಗ್ವಾಯರ್ಸ್ ಗೋಲ್ಡ್ ಕ್ಲಾಸ್ ಆದರೆ ನಾಲ್ಕು ಲೀಟರಿಗೆ ಸುಮಾರು 30 ಎಂಎಲ್.

ವ್ಯಾಕ್ಸ್ ಸೇರಿರುವ ಶಾಂಪೂ ನಿಮಗೆ ಈಗ ಬೇಡ ಅಂತ ನನ್ನ ಅಭಿಪ್ರಾಯ. ಗಡಸು ನೀರಿನ ಜೊತೆ ಅದು ಕಪ್ಪು ಬಣ್ಣದ ಮೇಲೆ ಮಂಕು ಗೆರೆ ಬಿಡಬಹುದು. ಸಿರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಾಕುವ ಗಟ್ಟಿ ರಕ್ಷಣೆಯ ಪದರ) ಮಾಡಿಸಿದ್ದರಂತೂ ಬೇಡವೇ ಬೇಡ, ಸಾದಾ ಶಾಂಪೂ ಸಾಕು.

ಕೆಲಸದ ಕ್ರಮ ಇಷ್ಟು. ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ವೀಲ್ ತೊಳೆಯಿರಿ, ಅದಕ್ಕೆ ಬೇರೆ ಬಟ್ಟೆ, ಬೇರೆ ಬ್ರಷ್. ಬ್ರೇಕ್ ಪುಡಿಯಲ್ಲಿ ಕಬ್ಬಿಣದ ಚೂರು ಇರುತ್ತದೆ, ಆ ಬಟ್ಟೆ ಡೋರಿಗೆ ತಾಗಬಾರದು. ಆಮೇಲೆ ಇಡೀ ಕಾರಿಗೆ ನೀರು ಬಿಟ್ಟು ಧೂಳು ಇಳಿಸಿ. ಇದಕ್ಕೆ ಅವಸರ ಮಾಡಬೇಡಿ, ಇಲ್ಲಿ ಎಷ್ಟು ಇಳಿಯುತ್ತದೋ ಅಷ್ಟು ಗೀರು ಕಡಿಮೆ. ನಂತರ ಮಿಟ್ ಹಿಡಿದು ರೂಫ್‌ನಿಂದ ಶುರು ಮಾಡಿ ಕೆಳಗೆ ಬನ್ನಿ, ಬಂಪರ್ ಮತ್ತು ಡೋರಿನ ಕೆಳಭಾಗ ಕೊನೆಗೆ. ಸುತ್ತು ಸುತ್ತಾಗಿ ಉಜ್ಜಬೇಡಿ, ನೇರ ಎಳೆಯಿರಿ. ಒತ್ತಬೇಡಿ, ಮಿಟ್‌ನ ಭಾರವೇ ಸಾಕು.

ಮಂಡ್ಯ_ಟ್ಯಾಕ್ಸಿ:

ಅಣ್ಣ, ನಾನು ಟ್ಯಾಕ್ಸಿ ಓಡಿಸುವವನು. ಬಟ್ಟೆ ಒಗೆಯುವ ಪುಡಿ ಒಂದು ಹಿಡಿ ಹಾಕಿ ತೊಳೆಯುತ್ತೇನೆ, ಗಾಡಿ ಫಳಫಳ ಅನ್ನುತ್ತದೆ. ಬಿಳಿ ಗಾಡಿ. ಇಷ್ಟೆಲ್ಲ ಬೇಕಾ ಅಂತ ನನ್ನ ಪ್ರಶ್ನೆ. ದಿನಾ ತೊಳೆಯಲೇಬೇಕು ನಾವು, ಕಸ್ಟಮರ್ ಮೊದಲು ನೋಡುವುದೇ ಅದನ್ನು.

ಪುತ್ತೂರು_ಪೇಂಟರ್:

ದಿನಾ ತೊಳೆಯುವವರಿಗೇ ಇದು ಜಾಸ್ತಿ ಬೇಕು ಅಣ್ಣ. ಬಿಳಿ ಬಣ್ಣದಲ್ಲೂ ಗೀರು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಗೆಯುವ ಪುಡಿಯಲ್ಲಿ ಕ್ಷಾರ ಇರುತ್ತದೆ. ಪೇಂಟ್ ಮೇಲಿನ ವ್ಯಾಕ್ಸ್ ತೆಗೆದುಬಿಡುತ್ತದೆ, ದಿನಾ ಹಾಕಿದರೆ ಕಿಟಕಿ ರಬ್ಬರ್, ಕಪ್ಪು ಪ್ಲಾಸ್ಟಿಕ್ ಎಲ್ಲ ಬೆಳ್ಳಗಾಗುತ್ತವೆ. ಕರಗದ ಪುಡಿ ಬಟ್ಟೆಯಲ್ಲಿ ಉಳಿದರೆ ಅದೂ ಉಜ್ಜುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ವ್ಯಾಕ್ಸ್ ಉಳಿಸುವುದಿಲ್ಲ. ದೊಡ್ಡ ಕ್ಯಾನ್ ಶಾಂಪೂ ತಂದರೆ ದಿನಕ್ಕೆ ಬೀಳುವ ಖರ್ಚು ಕಡಿಮೆ. ಇನ್ನೂ ಒಂದು, ಒಣ ಧೂಳನ್ನು ಒಣ ಬಟ್ಟೆಯಲ್ಲಿ ಹೊಡೆಯುವುದನ್ನು ನಿಲ್ಲಿಸಿ. ಅರ್ಧ ಗೀರು ಬರುವುದೇ ಅದರಿಂದ.

ಜೆಪಿನಗರ_ಬಾಲ್ಕನಿ:

ಯಲಹಂಕದವರೇ, ನೀರಿನ ವಿಷಯ ಮರೆಯಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತಲ್ವಾ. ಆಗಿನಿಂದ ನಾನು ರಿನ್ಸ್‌ಲೆಸ್ ವಾಶ್‌ಗೆ, ಅಂದರೆ ಒರೆಸಿದ ಮೇಲೆ ನೀರು ಬಿಟ್ಟು ತೊಳೆಯಬೇಕಾಗಿಲ್ಲದ ದ್ರವಕ್ಕೆ, ಬಂದೆ. ಪೈಪೇ ಬೇಡ. ಒಂದು ಪಾಲು ಆ ದ್ರವಕ್ಕೆ 256 ಪಾಲು ನೀರು, ಅಂದರೆ ನಾಲ್ಕು ಲೀಟರಿಗೆ 16 ಎಂಎಲ್. ಮಡಚಿದ ಮೈಕ್ರೋಫೈಬರ್ ಬಟ್ಟೆ ಏಳೆಂಟು ಅದ್ದಿಟ್ಟುಕೊಂಡು, ಒಂದು ಭಾಗಕ್ಕೆ ಒಂದು ಮಗ್ಗುಲು, ಕೊಳೆಯಾದ ಮಗ್ಗುಲನ್ನು ಮತ್ತೆ ಕಾರಿಗೆ ತಾಗಿಸುವುದಿಲ್ಲ. ಆ ಬಟ್ಟೆಯನ್ನು ಬಕೆಟ್ಟಿಗೂ ಮತ್ತೆ ಹಾಕುವುದಿಲ್ಲ. ಒಂದು ಭಾಗ ಒರೆಸಿದ ತಕ್ಷಣ ಒಣ ಬಟ್ಟೆಯಲ್ಲಿ ನೀರು ತೆಗೆದರೆ ಮುಗಿಯಿತು. ಬೇಸ್‌ಮೆಂಟ್ ನೆಲವೂ ಒದ್ದೆಯಾಗುವುದಿಲ್ಲ, ಸೆಕ್ಯೂರಿಟಿಯವರ ಜೊತೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಪುತ್ತೂರು_ಪೇಂಟರ್:

ಮೇಡಂ ಹೇಳಿದ್ದು ಸರಿ. ಊರೊಳಗೆ ಓಡುವ, ಬರೀ ಧೂಳು ಕೂತ ಕಾರಿಗೆ ಅದು ತುಂಬ ಒಳ್ಳೆಯ ದಾರಿ. ನಮ್ಮ ಕಡೆ ಮಳೆಗಾಲದಲ್ಲಿ ತೋಟದ ರಸ್ತೆಯಿಂದ ಬಂದ ಗಾಡಿಗೆ ಮಾತ್ರ ನಡೆಯುವುದಿಲ್ಲ. ವೀಲಿನ ಒಳಗೆ, ಡೋರಿನ ಅಡಿಯಲ್ಲಿ ಕೆಮ್ಮಣ್ಣು ಗಟ್ಟಿ ಹಿಡಿದಿರುತ್ತದೆ. ಅದನ್ನು ನೀರಲ್ಲೇ ನೆನೆಸಿ ಬೀಳಿಸಬೇಕು, ಬಟ್ಟೆ ತಾಗಿಸಲೇಬಾರದು.

ಬಿಳಿ ಚುಕ್ಕೆ ಬಗ್ಗೆ ಹೇಳಲು ಬಿಟ್ಟುಹೋಯಿತು. ಅದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ. ನೀರು ಆವಿಯಾಗಿ ಹೋಗುತ್ತದೆ, ಅವು ಅಲ್ಲೇ ಕೂರುತ್ತವೆ. ಯಾವ ಶಾಂಪೂವೂ ಇದನ್ನು ತಡೆಯುವುದಿಲ್ಲ, ನೀರು ತಾನಾಗಿ ಒಣಗುವ ಮೊದಲು ನೀವು ತೆಗೆಯಬೇಕು. ಆದ್ದರಿಂದ ನಿಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಒಣಗಿಸುವ ಟವೆಲ್‌ಗೆ ಇಡಿ. ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) 800ರ ಆಸುಪಾಸಿನ ದೊಡ್ಡ ಮೈಕ್ರೋಫೈಬರ್ ಟವೆಲ್, ಅಂಚಿನಲ್ಲಿ ಗಟ್ಟಿ ಹೊಲಿಗೆ ಇಲ್ಲದ್ದು. ಲೇಬಲ್ ಇದ್ದರೆ ಕತ್ತರಿಸಿ. ರೂಫ್ ಮೇಲೆ ಅಗಲವಾಗಿ ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ, ನೀರೆಲ್ಲ ಅದೇ ಹೀರಿಕೊಳ್ಳುತ್ತದೆ. ಕಾರಿನ ಒಂದು ಪಕ್ಕ ತೊಳೆದು ಒಣಗಿಸಿ, ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಿ. ಹೊಸ ಚುಕ್ಕೆಗಳಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ಚೆನ್ನಾಗಿ ತೊಳೆಯಿರಿ. ಮಳೆನೀರು ಹಿಡಿದಿಡಲು ಜಾಗ ಇದ್ದರೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ.

ಬಟ್ಟೆಗಳನ್ನು ಮನೆಯ ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ನಾರು ಹಿಡಿಯುತ್ತದೆ. ಕಂಫರ್ಟ್ ಥರದ್ದು ಏನೂ ಹಾಕಬೇಡಿ, ಎಳೆ ಮುಚ್ಚಿಕೊಂಡು ನೀರು ಹೀರುವುದು ಕಡಿಮೆಯಾಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಅಂದಿಗೆ ವೀಲ್‌ಗೆ ಮಾತ್ರ.

ಯಲಹಂಕ_ಎರಡನೇಮಹಡಿ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಶಾಂಪೂ ಸಾದಾ, ಎರಡು ಮಿಟ್, ಒಂದು ದೊಡ್ಡ ಟವೆಲ್, ವೀಲ್‌ಗೆ ಒಂದು ಬ್ರಷ್ ತರಿಸುತ್ತೇನೆ. ಬಕೆಟ್ ಮನೆಯಲ್ಲೇ ಇವೆ. ಬೆಳಿಗ್ಗೆ ಒರೆಸುವವರಿಗೂ ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ನಮ್ಮ ಕಾರಿನ ಗಾಜು ಮಾತ್ರ ಒರೆಸಿ ಅಂತ ಹೇಳುತ್ತೇನೆ, ಸಂಬಳ ಕಡಿಮೆ ಮಾಡುವುದಿಲ್ಲ. ಕೊನೆಯ ಪ್ರಶ್ನೆ: ಭಾವನ ಹತ್ತಿರ ಪ್ರೆಶರ್ ವಾಶರ್ ಇದೆ, ಊರಿಗೆ ಹೋದಾಗ ಬಳಸಬಹುದಾ?

ಪುತ್ತೂರು_ಪೇಂಟರ್:

ಧಾರಾಳವಾಗಿ. ಅಗಲಕ್ಕೆ ಹರಡುವ ನಳಿಕೆ ಹಾಕಿ, ಒಂದೂವರೆ ಅಡಿ ದೂರದಿಂದ ಹೊಡೆಯಿರಿ. ಸೂಜಿಯ ಹಾಗೆ ಬರುವ ಧಾರೆ ಪೇಂಟಿಗೆ ಬೇಡ. ಕಲ್ಲು ತಾಗಿ ಚಕ್ಕೆ ಎದ್ದ ಜಾಗ, ಎಲ್ಲಾದರೂ ಮರುಪೇಂಟ್ ಆಗಿದ್ದರೆ ಅದರ ಅಂಚು, ಇಲ್ಲಿಗೆ ಹತ್ತಿರದಿಂದ ಹೊಡೆದರೆ ಪದರ ಕಿತ್ತು ಬರುತ್ತದೆ, ನಮ್ಮಲ್ಲಿಗೆ ಅಂಥ ಗಾಡಿಗಳು ಬರುತ್ತಲೇ ಇರುತ್ತವೆ. ಗ್ರಿಲ್ ಹಿಂದಿನ ರೇಡಿಯೇಟರ್ ಫಿನ್, ಬಂಪರಿನ ಸೆನ್ಸರ್, ಡೋರ್ ರಬ್ಬರ್ ಇವುಗಳಿಂದಲೂ ದೂರ ಇರಿ. ಎಂಜಿನ್ ಮೇಲೆ ಬೇಡ. ನೊರೆ ಗನ್ ಇದ್ದರೆ ಹೊಡೆದು ನಾಲ್ಕೈದು ನಿಮಿಷ ಬಿಡಿ, ಒಣಗುವ ಮೊದಲು ನೀರು ಬಿಡಿ. ಅದು ಧೂಳು ಸಡಿಲ ಮಾಡುತ್ತದೆ ಅಷ್ಟೆ, ಮಿಟ್ ಕೆಲಸ ಆಮೇಲೂ ಇದೆ.