ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಜೊತೆಗಿದ್ದ ಶೆರ್ವುಡ್ ರೇಂಜರ್ಸ್ ಯಾರು?

ಕೆರೆಕೋಡಿ (ಪ್ರಶ್ನೆ):

ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾ ಬಂದರನ್ನು ತುರ್ಕರಿಂದ ಗೆದ್ದ 1918ರ ಸೆಪ್ಟೆಂಬರ್ 23ರ ಯುದ್ಧದ ಬಗ್ಗೆ ಕನ್ನಡದಲ್ಲಿ ಬಂದ ಬಹುತೇಕ ಬರಹಗಳಲ್ಲಿ ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಹೆಸರಷ್ಟೇ ಇರುತ್ತದೆ. ಇಂಗ್ಲಿಷ್ ವರದಿಗಳನ್ನು ಓದಿದರೆ ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರು ಸ್ಕ್ವಾಡ್ರನ್ (ಅಶ್ವದಳ ರೆಜಿಮೆಂಟಿನ ಒಂದು ತುಕಡಿ) ಜೊತೆ 'ಶೆರ್ವುಡ್ ರೇಂಜರ್ಸ್ ಯೋಮನ್ರಿ' ಎಂಬ ಬ್ರಿಟಿಷ್ ಸ್ಕ್ವಾಡ್ರನ್ನಿನ ಮಾತೂ ಬರುತ್ತದೆ. ತಿಳಿದವರು ದಯವಿಟ್ಟು ಇಷ್ಟು ಬಿಡಿಸಿ ಹೇಳಿ:

ಯೋಮನ್ರಿ ಎಂದರೆ ಖಾಯಂ ಸೈನ್ಯವೋ, ಸ್ವಯಂಸೇವಕರೋ? ದೇಶೀ ಸಂಸ್ಥಾನಗಳ ಪಡೆಗಳದ್ದೇ ಆದ ಬ್ರಿಗೇಡಿನೊಳಗೆ ಇವರು ಹೇಗೆ ಬಂದರು? ಇದೇ ಹೆಸರು 1944ರ ನಾರ್ಮಂಡಿಯ ಟ್ಯಾಂಕ್ ಪಡೆಗಳ ಪಟ್ಟಿಯಲ್ಲೂ ಇದೆ, ಅದು ಇದೇ ರೆಜಿಮೆಂಟಾ? ಮೂಲ ದಾಖಲೆ ನೋಡಬೇಕೆಂದರೆ ಯಾವ ಕಡತ ತೆಗೆಯಬೇಕು?

ನಕ್ಷೆಮನೆ:

ಪೂರಾ ಸ್ವಯಂಸೇವಕರು. 1794ರಲ್ಲಿ ಕ್ರಾಂತಿಕಾರಿ ಫ್ರಾನ್ಸ್ ದಂಡೆತ್ತಿ ಬರಬಹುದೆಂಬ ಭಯ ಇಂಗ್ಲೆಂಡಿನಲ್ಲಿ ಹಬ್ಬಿದಾಗ ಪ್ರಧಾನಿ ಪಿಟ್ ಸರ್ಕಾರ ಕೌಂಟಿ ಕೌಂಟಿಗೂ ಇಂಥ ಕುದುರೆಪಡೆ ಕಟ್ಟಿಸಿತು. ಸ್ವಂತ ಕುದುರೆ ಇದ್ದ ರೈತರು, ಅವರ ಮಕ್ಕಳು, ಊರಿನ ವರ್ತಕರು ಸವಾರರು. ಅವರ ಜಮೀನ್ದಾರರೇ ಅಧಿಕಾರಿಗಳು. ನಾಟಿಂಗ್‌ಹ್ಯಾಮ್‌ಶೈರ್ ಯೋಮನ್ರಿ ಎದ್ದದ್ದೂ ಅದೇ ವರ್ಷ. ಆಮೇಲೆ ಅದರ ದಕ್ಷಿಣದ ತುಕಡಿಗಳು ಬೇರೆಯಾದವು. ಮ್ಯಾನ್ಸ್‌ಫೀಲ್ಡ್, ನ್ಯೂವಾರ್ಕ್, ರೆಟ್‌ಫರ್ಡ್ ಕಡೆಯವು 1828ರಲ್ಲಿ ಒಟ್ಟುಗೂಡಿ ಶೆರ್ವುಡ್ ರೇಂಜರ್ಸ್ ಆದವು.

ಒಂದು ವಿಷಯ ಮುಚ್ಚಿಡಬಾರದು. ಫ್ರೆಂಚರು ಬರಲಿಲ್ಲ. ಪೊಲೀಸ್ ವ್ಯವಸ್ಥೆ ಇನ್ನೂ ಗಟ್ಟಿಯಾಗಿರದ ಆ ಕಾಲದಲ್ಲಿ ಯೋಮನ್ರಿ ಪಡೆಗಳನ್ನು ಹೆಚ್ಚಾಗಿ ಬಳಸಿದ್ದು ಸ್ವಂತ ನಾಡಿನ ಜನರ ಗಲಭೆ ಅಡಗಿಸಲಿಕ್ಕೆ. 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್‌ಲೂನಲ್ಲಿ ಮತದಾನದ ಹಕ್ಕು ಕೇಳಲು ನೆರೆದ ಜನರ ಮೇಲೆ ಕುದುರೆ ನುಗ್ಗಿಸಿದ್ದು ಇಂಥದ್ದೇ ಇನ್ನೊಂದು ಪಡೆ, ಮ್ಯಾಂಚೆಸ್ಟರ್ ಮತ್ತು ಸಾಲ್‌ಫರ್ಡ್ ಯೋಮನ್ರಿ. ಯೋಮನ್ರಿಯ ಇತಿಹಾಸ ಬರೆಯುವವರು ಈ ಅಧ್ಯಾಯ ಹಾರಿಸಿ ನೇರ ಬೋಯರ್ ಯುದ್ಧಕ್ಕೆ (ದಕ್ಷಿಣ ಆಫ್ರಿಕಾದ ಡಚ್ ಮೂಲದ ಬೋಯರರ ವಿರುದ್ಧ ಬ್ರಿಟನ್ ಮಾಡಿದ ಯುದ್ಧ) ಹೋಗುವುದು ಸರಿಯಲ್ಲ.

ದೇಶದಿಂದಾಚೆ ಹೋಗಿ ಕಾದಬೇಕೆಂಬ ಕರಾರು ಇವರಿಗಿರಲಿಲ್ಲ. ಅದು ಬದಲಾದದ್ದು 1899ರ ಡಿಸೆಂಬರ್‌ನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಒಂದೇ ವಾರದೊಳಗೆ ಮೂರು ಕಡೆ ಸೋತ ಬ್ರಿಟನ್ನಿಗೆ ಕುದುರೆ ಏರಿ ಓಡಾಡಿ ಬಂದೂಕು ಹಾರಿಸಬಲ್ಲವರು ತುರ್ತಾಗಿ ಬೇಕಾದರು. ಯೋಮನ್ರಿಯಿಂದ ಒಪ್ಪಿ ಬಂದವರನ್ನು ಸೇರಿಸಿ 'ಇಂಪೀರಿಯಲ್ ಯೋಮನ್ರಿ' ಕಟ್ಟಿದರು. ಶೆರ್ವುಡ್ ರೇಂಜರ್ಸ್ ಕೊಟ್ಟದ್ದು ಅದರ 3ನೇ ಬೆಟಾಲಿಯನ್ನಿನ 10ನೇ ಕಂಪನಿ. 1900ರ ಏಪ್ರಿಲ್ 5ರಂದು ಬೋಯರರ ಪರ ಹೋರಾಡುತ್ತಿದ್ದ ಫ್ರೆಂಚ್ ಕರ್ನಲ್ ವಿಲ್‌ಬ್ವಾ-ಮಾರೆಯ್ ಸತ್ತ ಬೋಷಾಫ್ ಕದನದಲ್ಲಿ ಈ ಬೆಟಾಲಿಯನ್ ಇತ್ತು. 1908ರಲ್ಲಿ ಎಲ್ಲ ಯೋಮನ್ರಿಯೂ ಟೆರಿಟೋರಿಯಲ್ ಫೋರ್ಸ್ ಎಂಬ ಅರೆಕಾಲಿಕ ಸ್ವಯಂಸೇವಕ ಸೈನ್ಯದೊಳಗೆ ಬಂತು. ವಾರದ ಕವಾಯತು, ವರ್ಷಕ್ಕೆ ಸುಮಾರು ಎರಡು ವಾರದ ಕ್ಯಾಂಪ್, ಉಳಿದ ದಿನ ಹೊಲಮನೆಯ ಕೆಲಸ.

ಇನ್ನು ಹೈಫಾ. 1915ರ ಆಗಸ್ಟ್ 21ರಂದು ತುರ್ಕಿಯ ಗ್ಯಾಲಿಪೊಲಿಯ ಸಿಮಿಟಾರ್ ಗುಡ್ಡದ ದಾಳಿಯಲ್ಲಿ ಈ ರೆಜಿಮೆಂಟ್ ಇತ್ತು. ಕುದುರೆಗಳನ್ನು ಈಜಿಪ್ಟಿನಲ್ಲೇ ಬಿಟ್ಟು, ಕಾಲ್ದಳದವರಂತೆ ಒಣಗಿದ ಉಪ್ಪಿನ ಕೆರೆಯ ಬಯಲಿನಲ್ಲಿ ನಡೆದು ಹೋಗಿ, ತೆರೆದ ನೆಲದ ಮೇಲೆ ಗುಂಡಿಗೆ ಸಿಕ್ಕರು. 1916ರಲ್ಲಿ ಗ್ರೀಸಿನ ಸಲೋನಿಕಾ, 1917ರ ನಡುವಿನಲ್ಲಿ ಮತ್ತೆ ಈಜಿಪ್ಟ್, ಅಲ್ಲಿಂದ ಪ್ಯಾಲೆಸ್ಟೈನ್.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ 1918ರ ವಸಂತದಲ್ಲಿದೆ. ಮಾರ್ಚ್‌ನಲ್ಲಿ ಜರ್ಮನರು ಫ್ರಾನ್ಸಿನಲ್ಲಿ ದೊಡ್ಡ ದಾಳಿ ಶುರು ಮಾಡಿದ್ದರಿಂದ ಪ್ಯಾಲೆಸ್ಟೈನಿನ ಎಷ್ಟೋ ಯೋಮನ್ರಿ ರೆಜಿಮೆಂಟುಗಳನ್ನು ಕುದುರೆಯಿಂದ ಇಳಿಸಿ, ಮಷೀನ್‌ಗನ್ ಬೆಟಾಲಿಯನ್ ಮಾಡಿ ಅಲ್ಲಿಗೆ ಕಳಿಸಿದರು. ಅವುಗಳ ಜಾಗಕ್ಕೆ, ಫ್ರಾನ್ಸಿನ ಕಂದಕಗಳ ನಡುವೆ ಹೆಚ್ಚು ಕೆಲಸವಿಲ್ಲದೆ ನಿಂತಿದ್ದ ಭಾರತೀಯ ಅಶ್ವದಳಗಳನ್ನು ತಂದರು. ಹೊಸ ಬ್ರಿಗೇಡುಗಳಲ್ಲಿ ಒಂದು ಯೋಮನ್ರಿ, ಎರಡು ಭಾರತೀಯ ರೆಜಿಮೆಂಟ್ ಎಂಬ ಲೆಕ್ಕ. ಶೆರ್ವುಡ್ ರೇಂಜರ್ಸ್, 20ನೇ ಡೆಕ್ಕನ್ ಹಾರ್ಸ್, 34ನೇ ಪೂನಾ ಹಾರ್ಸ್ ಸೇರಿ 14ನೇ ಬ್ರಿಗೇಡ್ ಆಯಿತು. ಜೋಧ್‌ಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್ಸ್ ಇದ್ದ 15ನೇ ಇಂಪೀರಿಯಲ್ ಸರ್ವಿಸ್ (ಅಂದರೆ ದೇಶೀ ಸಂಸ್ಥಾನಗಳ ಪಡೆಗಳ) ಬ್ರಿಗೇಡಿನಲ್ಲಿ ಯೋಮನ್ರಿಯೇ ಇರಲಿಲ್ಲ. ಎರಡು ಬ್ರಿಗೇಡೂ 5ನೇ ಕ್ಯಾವಲ್ರಿ ಡಿವಿಷನ್ನಿಗೆ ಸೇರಿದವು. ಅಂದರೆ ಶೆರ್ವುಡ್ ರೇಂಜರ್ಸ್ ಸ್ಕ್ವಾಡ್ರನ್ 15ನೇ ಬ್ರಿಗೇಡಿನದ್ದಲ್ಲ, ಆ ದಿನದ ಮಟ್ಟಿಗೆ ಪಕ್ಕದ ಬ್ರಿಗೇಡಿನಿಂದ ಎರವಲು ಬಂದದ್ದು.

ಎರವಲು ಬೇಕಾದದ್ದಕ್ಕೆ ಕಾರಣ ನೆಲ. ಅಫೂಲಾದಿಂದ ಹೈಫಾಕ್ಕೆ ಬರುವ ರಸ್ತೆ ಬಲಾದ್ ಅಷ್ ಶೇಖ್ ಹಳ್ಳಿ ದಾಟಿದ ಮೇಲೆ ಇಕ್ಕಟ್ಟಾಗುತ್ತದೆ: ಎಡಕ್ಕೆ ಕಾರ್ಮೆಲ್ ಬೆಟ್ಟದ ಇಳಿಜಾರು, ಬಲಕ್ಕೆ ಕಿಶೋನ್ ಹೊಳೆಯ ಜವುಗು. ಬೆಟ್ಟದ ಮೇಲಿನ ಫಿರಂಗಿಗಳಿಗೆ ರಸ್ತೆ ಪೂರ್ತಿ ಗುರಿಯಲ್ಲಿತ್ತು. ಹಿಂದಿನ ದಿನ ಶಸ್ತ್ರಸಜ್ಜಿತ ಮೋಟಾರುಗಳು ಹೋಗಲು ನೋಡಿ ಇದೇ ಕಾರಣಕ್ಕೆ ವಾಪಸಾಗಿದ್ದವು. 23ರ ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಬ್ರಿಗೇಡಿನ ಮುಂದಿನವರ ಮೇಲೆ ಗುಂಡು ಬಿತ್ತು. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟದ ಕಡಿದಾದ ದಾರಿಯಲ್ಲಿ ಫಿರಂಗಿಗಳತ್ತ ಹತ್ತಿತು, ಅದರ ಬೆಂಬಲಕ್ಕೆ ಕಳಿಸಿದ್ದು ಶೆರ್ವುಡ್ ರೇಂಜರ್ಸ್ ಸ್ಕ್ವಾಡ್ರನ್ನನ್ನು. ಉಳಿದ ಮೈಸೂರು ಸವಾರರು ಪೂರ್ವದ ಕಡೆಯಿಂದ ಗುಂಡಿನ ಮರೆ ಕೊಟ್ಟರು. ಮಧ್ಯಾಹ್ನ 2ಕ್ಕೆ ಜೋಧ್‌ಪುರದವರು ನುಗ್ಗಿದರು. ಹೊಳೆ ದಾಟಲು ಹೋದಾಗ ದಂಡೆಯ ಹೂಳು ಮರಳಿನಲ್ಲಿ ಮುಂದಿನ ಕುದುರೆಗಳು ಹೂತುಹೋದದ್ದರಿಂದ ಎಡಕ್ಕೆ ಹೊರಳಿ, ಬೆಟ್ಟದ ಬುಡದ ಮಷೀನ್‌ಗನ್ನುಗಳ ಮೇಲೆಯೇ ಬಿದ್ದು ದಾರಿ ಬಿಡಿಸಿಕೊಂಡರು. ಮೈಸೂರಿನವರು ಹಿಂದೆಯೇ ಊರೊಳಗೆ ಹೊಕ್ಕರು. ಹೈದರಾಬಾದ್ ಲ್ಯಾನ್ಸರ್ಸ್ ಈ ದಾಳಿಯಲ್ಲಿ ಇರಲಿಲ್ಲ, ಕೈದಿಗಳ ಕಾವಲಿಗೆ ಹೋಗಿದ್ದರು. ಸಿಕ್ಕ ಕೈದಿಗಳು 1350, ಫಿರಂಗಿ 17, ಮಷೀನ್‌ಗನ್ 11. ಸತ್ತವರು 8 ಮಂದಿ, ಗಾಯಾಳುಗಳು 34; ಸತ್ತ ಕುದುರೆಗಳು 60.

ಬ್ಯಾಡ್ಜ್‌ಪೆಟ್ಟಿಗೆ:

ನಕ್ಷೆಮನೆ ಸರ್ ಹೇಳಿದ್ದಕ್ಕೆ ಹೆಸರುಗಳ ಗೊಂದಲ ಒಂದನ್ನು ಸೇರಿಸ್ತೀನಿ. ಹುಡುಕುವವರಲ್ಲಿ ಹೆಚ್ಚಿನವರು ಎಡವೋದೇ ಇಲ್ಲಿ.

ಒಂದೇ ಕೌಂಟಿಯಲ್ಲಿ ಮೂರು ಹೆಸರಿವೆ. 'ಶೆರ್ವುಡ್ ಫಾರೆಸ್ಟರ್ಸ್' ಕಾಲ್ದಳ, ಖಾಯಂ ಸೈನ್ಯದ ರೆಜಿಮೆಂಟ್, ಇವರಿಗೂ ಕುದುರೆಗೂ ಸಂಬಂಧವಿಲ್ಲ. 'ಸೌತ್ ನಾಟ್ಸ್ ಹುಸಾರ್ಸ್' ಯೋಮನ್ರಿಯೇ, ಆದರೆ ಬೇರೆ ರೆಜಿಮೆಂಟ್. 1918ರಲ್ಲಿ ಮಷೀನ್‌ಗನ್ ಪಡೆಯಾಗಿ ಫ್ರಾನ್ಸಿಗೆ ಹೋದದ್ದು ಇವರು. ಇವರನ್ನೂ ವಾರಿಕ್‌ಶೈರ್ ಯೋಮನ್ರಿಯವರನ್ನೂ ಒಯ್ಯುತ್ತಿದ್ದ ಲೀಸೋ ಕ್ಯಾಸಲ್ ಹಡಗಿಗೆ ಮೇ 27ರಂದು ಅಲೆಕ್ಸಾಂಡ್ರಿಯಾ ದಾಟಿದ ಮೇಲೆ ಟಾರ್ಪೆಡೊ ಬಿತ್ತು. ಮೂರನೆಯದು ನಿಮಗೆ ಬೇಕಾದ ರೆಜಿಮೆಂಟ್. ಆದರೆ ಕಡತಗಳಲ್ಲಿ ಅದರ ಹೆಸರು 'ನಾಟಿಂಗ್‌ಹ್ಯಾಮ್‌ಶೈರ್ ಯೋಮನ್ರಿ' ಅಂತ ಶುರುವಾಗುತ್ತೆ, ಶೆರ್ವುಡ್ ರೇಂಜರ್ಸ್ ಅನ್ನೋದು ಕಂಸದೊಳಗೆ. 'ಶೆರ್ವುಡ್' ಅಂತ ಮಾತ್ರ ಹುಡುಕಿದರೆ ಫಾರೆಸ್ಟರ್ಸ್ ಫಲಿತಾಂಶಗಳೇ ರಾಶಿ ಬೀಳುತ್ತವೆ.

ಮತ್ತೊಂದು, ಹೆಸರಿನ ಮುಂದಿನ ಅಂಕಿ. 1/1 ಅಂದರೆ ಮೊದಲ ಸಾಲು, ಹೈಫಾಕ್ಕೆ ಹೋದದ್ದು ಅದೇ. 2/1 ಯುದ್ಧ ಶುರುವಾದ ಮೇಲೆ ಕಟ್ಟಿದ ಎರಡನೇ ಸಾಲು, ಅದು ಬ್ರಿಟನ್ನಿನಲ್ಲೇ ಉಳಿದು ಸೈಕಲ್ ಪಡೆಯಾಯಿತು. 3/1 ತರಬೇತಿಗೆ. 2/1ರ ಕಡತ ತೆಗೆದು ಪ್ಯಾಲೆಸ್ಟೈನ್ ಹುಡುಕಿದರೆ ಏನೂ ಸಿಗಲ್ಲ.

ದಾಖಲೆ ಇರೋದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಪಡೆಗಳು ದಿನದಿನ ಬರೆದಿಟ್ಟ ಯುದ್ಧ ದಿನಚರಿಗಳು ಡಬ್ಲ್ಯೂಓ (ವಾರ್ ಆಫೀಸ್, ಅಂದಿನ ಯುದ್ಧ ಇಲಾಖೆ) 95 ಸರಣಿ. ರೆಜಿಮೆಂಟಿನದ್ದೊಂದನ್ನೇ ನೋಡಿ ನಿಲ್ಲಿಸಬೇಡಿ. 14ನೇ ಬ್ರಿಗೇಡ್, 15ನೇ ಬ್ರಿಗೇಡ್, 5ನೇ ಕ್ಯಾವಲ್ರಿ ಡಿವಿಷನ್, ಈ ಮೂರನ್ನೂ ಸೆಪ್ಟೆಂಬರ್ 22ರಿಂದ 24ರವರೆಗೆ ಪಕ್ಕಪಕ್ಕ ಇಟ್ಟು ಓದಿ. ಎರವಲು ಹೋದ ಸ್ಕ್ವಾಡ್ರನ್ನಿನ ಸುದ್ದಿ ತವರು ರೆಜಿಮೆಂಟಿನ ದಿನಚರಿಯಲ್ಲಿ ಒಂದೇ ಸಾಲಿರಬಹುದು, ವಿವರ ಎರವಲು ಪಡೆದವರ ಪುಟದಲ್ಲಿರುತ್ತೆ. ಊರುಗಳ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಬಲಾದ್ ಅಷ್ ಶೇಖ್ ಇದ್ದ ಜಾಗ ಈಗ ನೆಶೆರ್, ಇಂದಿನ ನಕ್ಷೆಯಲ್ಲಿ ಹಾಗೆ ಹುಡುಕಿ.

ಒಬ್ಬ ಸವಾರನ ಬಗ್ಗೆ ಬೇಕಿದ್ದರೆ ಪದಕದ ಕಾರ್ಡು ಡಬ್ಲ್ಯೂಓ 372ರಲ್ಲಿ. ಸೇವಾ ಕಡತ ಡಬ್ಲ್ಯೂಓ 363ರಲ್ಲಿ ಸಿಕ್ಕರೆ ಅದೃಷ್ಟ, ಯಾಕಂದ್ರೆ 1940ರ ಬಾಂಬ್ ದಾಳಿಯಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಟೆರಿಟೋರಿಯಲ್ ಪಡೆಯವರಿಗೆ 1917ರಲ್ಲಿ ಆರಂಕಿಯ ಹೊಸ ಸಂಖ್ಯೆ ಕೊಟ್ಟರು, ಹಾಗಾಗಿ ಒಬ್ಬನಿಗೇ ಎರಡು ಸಂಖ್ಯೆ ಕಂಡರೆ ಇಬ್ಬರು ಅಂದುಕೊಳ್ಳಬೇಡಿ.

ಚೈನ್‌ಗಾಡಿ:

ಮೂರನೇ ಪ್ರಶ್ನೆಗೆ: ಹೌದು, ಅದೇ ರೆಜಿಮೆಂಟ್.

1939ರಲ್ಲಿ ಯುದ್ಧಕ್ಕೆ ಕರೆ ಬಂದಾಗಲೂ ಇವರ ಬಳಿ ಇದ್ದದ್ದು ಕುದುರೆಗಳೇ. 1ನೇ ಕ್ಯಾವಲ್ರಿ ಡಿವಿಷನ್ ಜೊತೆ ಫ್ರಾನ್ಸ್ ದಾಟಿ, ಮಾರ್ಸೇಲ್ಸ್‌ನಿಂದ ಹಡಗು ಹತ್ತಿ, 1940ರಲ್ಲಿ ಇಳಿದದ್ದು ಮತ್ತೆ ಹೈಫಾ ಬಂದರಿನಲ್ಲಿ. ಅದೇ ವರ್ಷ ಕುದುರೆಗಳನ್ನು ವಾಪಸ್ ತೆಗೆದುಕೊಂಡು ಕರಾವಳಿ ಫಿರಂಗಿಗಳ ಮೇಲೆ ಕೂರಿಸಿದರು. ಟೋಬ್ರುಕ್, ಬೆಂಗಾಜಿ, ಕ್ರೀಟ್ ಮೂರರಲ್ಲೂ ಗೋಲಂದಾಜರಾಗಿ ದುಡಿದ ಮೇಲೆಯೇ ಟ್ಯಾಂಕ್ ಕೈಗೆ ಬಂದದ್ದು, 8ನೇ ಆರ್ಮರ್ಡ್ ಬ್ರಿಗೇಡಿನಲ್ಲಿ.

ಟ್ಯಾಂಕಿನ ಮೊದಲ ದೊಡ್ಡ ಪಾಠ 1942ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳ ಆಲಮ್ ಹಲ್ಫಾ. ಮರೆಯಲ್ಲಿ ಕುಳಿತ ಟ್ಯಾಂಕ್ ವಿರೋಧಿ ತೋಪುಗಳಿಗೆ ಎದುರಾಗಿ ಬಯಲಿನಲ್ಲಿ ಮುನ್ನುಗ್ಗಿ ಗ್ರಾಂಟ್ ಟ್ಯಾಂಕುಗಳನ್ನು ಕಳೆದುಕೊಂಡರು. ಅಕ್ಟೋಬರಿನ ಎಲ್ ಅಲಮೇನ್ ಹೊತ್ತಿಗೆ ಮೂರು ಸ್ಕ್ವಾಡ್ರನ್ನಿಗೆ ಮೂರು ಜಾತಿಯ ಟ್ಯಾಂಕ್: 'ಎ'ಗೆ ಕ್ರುಸೇಡರ್, 'ಬಿ'ಗೆ ಗ್ರಾಂಟ್, 'ಸಿ'ಗೆ ಶೆರ್ಮನ್. ಬಿಡಿಭಾಗ, ಮದ್ದುಗುಂಡು, ವೇಗ, ತೋಪಿನ ದೂರ, ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಅಷ್ಟರ ನಡುವೆಯೂ ಇವರು ಟ್ಯುನೀಷಿಯಾ ತನಕ ಹೋದರು ಎನ್ನುವುದನ್ನು ನಾನು ಬಹಳ ದೊಡ್ಡದಾಗಿ ಕಾಣುತ್ತೇನೆ. ಕಮಾಂಡರ್ ಕೆಲೆಟ್ 1943ರ ಮಾರ್ಚ್‌ನಲ್ಲಿ, ಅವರ ನಂತರ ಬಂದ ಪ್ಲೇಯರ್ ಏಪ್ರಿಲ್‌ನಲ್ಲಿ ಸತ್ತರು.

1944ರ ಜೂನ್ 6ರಂದು ನಾರ್ಮಂಡಿಯ ಗೋಲ್ಡ್ ಬೀಚಿನಲ್ಲಿ 231ನೇ ಬ್ರಿಗೇಡಿನ ಕಾಲ್ದಳಕ್ಕೆ ಬೆಂಬಲ. 'ಬಿ' ಮತ್ತು 'ಸಿ' ಸ್ಕ್ವಾಡ್ರನ್ನಿನವು ನೀರಿನಲ್ಲಿ ತೇಲುವ ಡಿಡಿ (ಡ್ಯೂಪ್ಲೆಕ್ಸ್ ಡ್ರೈವ್, ಅಂದರೆ ನೆಲಕ್ಕೂ ನೀರಿಗೂ ಚಾಲನೆ ಇರುವ) ಶೆರ್ಮನ್. ಮರುದಿನ ಬಾಯೂ ಪಟ್ಟಣ ಬಿಡುಗಡೆ. ಈಜಿಪ್ಟಿನಿಂದಲೂ ಈ ರೆಜಿಮೆಂಟಿನಲ್ಲಿದ್ದ ಕವಿ ಕೀತ್ ಡಗ್ಲಾಸ್ ಜೂನ್ 9ರಂದು ಸತ್ತದ್ದು ಅಲ್ಲಿಂದ ಸ್ವಲ್ಪವೇ ದೂರದಲ್ಲಿ. ನವೆಂಬರಿನಲ್ಲಿ ಗೈಲೆನ್‌ಕಿರ್ಶೆನ್‌ನಲ್ಲಿ ಅಮೆರಿಕದ 84ನೇ ಡಿವಿಷನ್ನಿಗೆ ಜೊತೆಯಾಗಿ, 1945ರಲ್ಲಿ ರೈನ್ ದಾಟಿ ಬ್ರೆಮೆನ್ ಕಡೆಗೆ.

ಕೆರೆಕೋಡಿ:

ಮೂವರಿಗೂ ಧನ್ಯವಾದ. ಚೈನ್‌ಗಾಡಿ ಅವರೇ, 30 ಟನ್ನಿಗೂ ಮೀರಿದ ಟ್ಯಾಂಕ್ ತೇಲುವುದು ಹೇಗೆ? ಗೋಲ್ಡ್‌ನಲ್ಲಿ ಎಷ್ಟು ಮುಳುಗಿದವು, ಯಾಕೆ?

ಚೈನ್‌ಗಾಡಿ:

ತೇಲಿಸುವುದು ಕ್ಯಾನ್ವಾಸ್ ಬಟ್ಟೆಯ ಗೋಡೆ. ಟ್ಯಾಂಕಿನ ಒಡಲಿನ ಸುತ್ತ ಹೊಲಿದು ಕೂರಿಸಿದ ಬಟ್ಟೆಯನ್ನು 36 ರಬ್ಬರ್ ಕೊಳವೆಗಳಿಗೆ ಸಿಲಿಂಡರಿನ ಗಾಳಿ ತುಂಬಿ ಮೇಲೆತ್ತುತ್ತಾರೆ, ಆಮೇಲೆ ಒಳಗಿನಿಂದ ಕಬ್ಬಿಣದ ಊರುಗೋಲು ಕೊಟ್ಟು ಬಿಗಿಯುತ್ತಾರೆ. ಒಡಲು ಪೂರಾ ನೀರಿನೊಳಗೆ. ನೀರಿನ ಮೇಲೆ ಕಾಣುವುದು ಮೂರಡಿ ಬಟ್ಟೆ ಮಾತ್ರ, ಹಿಂಭಾಗದಲ್ಲಿ ಇನ್ನೂ ಕಡಿಮೆ. ಇದನ್ನು ರೂಪಿಸಿದವರು ನಿಕೊಲಸ್ ಸ್ಟ್ರಾಸ್ಲರ್.

ಶೆರ್ಮನ್ನಿನ ಗೇರ್‌ಪೆಟ್ಟಿಗೆ ಮುಂದಿದೆ, ಪ್ರೊಪೆಲರ್ ಇರಬೇಕಾದದ್ದು ಹಿಂದೆ. ಅಲ್ಲಿಂದ ಇಲ್ಲಿಗೆ ದಂಡ ಎಳೆಯುವ ಬದಲು ಟ್ರ್ಯಾಕನ್ನೇ ಬಳಸಿದರು. ಮುಂದಿನ ಹಲ್ಲುಗಾಲಿ ಟ್ರ್ಯಾಕ್ ತಿರುಗಿಸುತ್ತದೆ, ಟ್ರ್ಯಾಕ್ ಹಿಂದಿನ ಗಾಲಿ ತಿರುಗಿಸುತ್ತದೆ, ಆ ಗಾಲಿಯಿಂದ ಎರಡು ಪ್ರೊಪೆಲರಿಗೆ ಶಕ್ತಿ. ಲಾಭವೇನೆಂದರೆ ದಡ ತಾಕುವಾಗ ಟ್ರ್ಯಾಕ್ ಆಗಲೇ ಓಡುತ್ತಿರುತ್ತದೆ, ಹಾಗಾಗಿ ಮರಳು ಸಿಕ್ಕ ಕ್ಷಣವೇ ಹಿಡಿದು ಹತ್ತುತ್ತದೆ. ನೀರಿನಲ್ಲಿ ವೇಗ ಗಂಟೆಗೆ ನಾಲ್ಕೈದು ಮೈಲಿ ಅಷ್ಟೇ. ಬಟ್ಟೆ ಎದ್ದಿರುವಾಗ ತೋಪು ಹಾರಿಸಲಾಗದು.

ಬಟ್ಟೆ ತಡೆಯುವುದು ಸಣ್ಣ ಅಲೆ. ದೊಡ್ಡ ಅಲೆ ಪಕ್ಕದಿಂದ ಬಡಿದರೆ ಊರುಗೋಲು ಮಡಚುತ್ತದೆ, ಗೋಡೆ ಒಳಕ್ಕೆ ಬೀಳುತ್ತದೆ, ನೀರು ತುಂಬಿ ಟ್ಯಾಂಕ್ ಕಲ್ಲಿನಂತೆ ತಳ ಸೇರುತ್ತದೆ. ಅಂದು ಸಮುದ್ರ ಒರಟಾಗಿತ್ತು. ಯೋಜನೆಯಂತೆ ಕೆಲವು ಸಾವಿರ ಗಜ ದೂರದಲ್ಲಿ ಇಳಿಸದೆ ದಡದಿಂದ ಕೆಲವು ನೂರು ಗಜದವರೆಗೂ ತಂದು ಇಳಿಸಿದರು. ಆದರೂ ಎಂಟು ಮುಳುಗಿದವು. ಹತ್ತಿರ ತರುವುದರಲ್ಲಿ ಹೊತ್ತು ಹೋದದ್ದರಿಂದ ಕಾಲ್ದಳ ಟ್ಯಾಂಕಿಗಿಂತ ಮೊದಲೇ ಮರಳಿಗೆ ಇಳಿಯಿತು, ಲ ಆಮೆಲ್ ಹಳ್ಳಿಯ ತೋಪಿನೆದುರು ಹ್ಯಾಂಪ್‌ಶೈರ್ ಬೆಟಾಲಿಯನ್ ಬಹಳ ನಷ್ಟ ಅನುಭವಿಸಿತು. ಹಾಗೆಂದು ತಡ ಮಾಡಿದ್ದನ್ನು ತಪ್ಪು ಎನ್ನಲಾರೆ. ಒಮಾಹಾ ಬೀಚಿನಲ್ಲಿ ಅಮೆರಿಕನ್ನರ ಒಂದು ಬೆಟಾಲಿಯನ್ ಯೋಜನೆಯಂತೆ ದೂರದಲ್ಲೇ 29 ಡಿಡಿ ಟ್ಯಾಂಕ್ ಇಳಿಸಿತು, ಅದರಲ್ಲಿ 27 ಮುಳುಗಿದವು.

ಬ್ಯಾಡ್ಜ್‌ಪೆಟ್ಟಿಗೆ:

ಎರಡನೇ ಯುದ್ಧದ ಕಡತಕ್ಕೆ ಸರಣಿ ಬೇರೆ: ಮರುಭೂಮಿಯ ವರ್ಷಗಳು ಡಬ್ಲ್ಯೂಓ 169, ನಾರ್ಮಂಡಿಯಿಂದ ಮುಂದಕ್ಕೆ ಡಬ್ಲ್ಯೂಓ 171. ವಸ್ತುಗಳನ್ನು ನೋಡಬೇಕಿದ್ದರೆ ನಾಟಿಂಗ್‌ಹ್ಯಾಮ್‌ಶೈರಿನ ಥೋರ್ಸ್‌ಬಿಯಲ್ಲಿ ಲ್ಯಾನ್ಸರ್ಸ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್ ಯೋಮನ್ರಿಯ ಮ್ಯೂಸಿಯಂ ಇದೆ. ರೆಜಿಮೆಂಟ್ ಅನ್ನೋದು 1967ರಲ್ಲಿ ಕುಗ್ಗಿ ರಾಯಲ್ ಯೋಮನ್ರಿಯ ಒಂದು ಸ್ಕ್ವಾಡ್ರನ್ ಆಯಿತು, ಈಗಲೂ ಸ್ವಯಂಸೇವಕರೇ.

ಕೆರೆಕೋಡಿ ಅವರೇ, ನೀವು ಮೈಸೂರು ಸ್ಕ್ವಾಡ್ರನ್ನಿನ ಕಡೆಯಿಂದ ಬರೋದಾದರೆ 15ನೇ ಬ್ರಿಗೇಡಿನ ದಿನಚರಿಯಿಂದಲೇ ಶುರು ಮಾಡಿ. ಅದರ ಹಿಂದೆ ಲಗತ್ತಿಸಿದ ಆದೇಶಗಳು, ನಕಾಶೆಗಳು ಇದ್ದರೆ ಮೊದಲು ಅವನ್ನೇ ತೆಗೆಯಿರಿ. ಯಾವ ಸ್ಕ್ವಾಡ್ರನ್ ಎಷ್ಟು ಗಂಟೆಗೆ ಯಾರ ಕೈಕೆಳಗೆ ಹೋಯಿತು ಅನ್ನೋದು ಆ ಹಾಳೆಗಳಲ್ಲಿರುತ್ತೆ, ದಿನದ ಟಿಪ್ಪಣಿಯಲ್ಲಿ ಇರಲ್ಲ.