ದಂಡದ ಠರಾವು ಆಗಿದೆ, ರಸ್ತೆಯ ತಿಪ್ಪೆ ಮಾತ್ರ ಹಾಗೆಯೇ ಇದೆ: ಪಂಚಾಯಿತಿಗೆ ದೂರು ಕೊಡುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ

ನಮ್ಮ ಮನೆಯ ಎದುರಿನ ರಸ್ತೆಯ ಅಂಚಿನಲ್ಲಿ ಪಕ್ಕದವರ ತಿಪ್ಪೆ ಇದೆ. ಮೂರು ವರ್ಷದ ಹಿಂದೆ ಒಂದೆರಡು ಮಂಕರಿ ಸಗಣಿಯಿಂದ ಶುರುವಾದದ್ದು ಈಗ ಎತ್ತಿನ ಗಾಡಿ ತಿರುಗಲಾರದಷ್ಟು ಬೆಳೆದಿದೆ. ಕೊಟ್ಟಿಗೆ ತೊಳೆದ ನೀರು ಚರಂಡಿಗೆ ಹೋಗದೆ ತಿಪ್ಪೆಗೆ ತಡೆದು ನಮ್ಮ ಜಗಲಿಯ ಮೆಟ್ಟಿಲ ಬಳಿ ನಿಲ್ಲುತ್ತದೆ. ನಲ್ಲಿಯ ಗುಂಡಿಯೂ ಅಲ್ಲಿಯೇ ಇರುವುದರಿಂದ, ನೀರು ಬಿಟ್ಟ ದಿನ ಮೊದಲ ಎರಡು ಕೊಡ ಚೆಲ್ಲಿದ ಮೇಲೆಯೇ ನಾವು ಕುಡಿಯಲು ಹಿಡಿಯುತ್ತೇವೆ.

ವಾರ್ಡಿನ ಸದಸ್ಯರಿಗೆ ಬಾಯಿಮಾತಿನಲ್ಲಿ ನಾಲ್ಕು ಬಾರಿ, ನೀರುಗಂಟಿಗೆ ಲೆಕ್ಕವಿಲ್ಲದಷ್ಟು ಬಾರಿ ಹೇಳಿದ್ದೇನೆ. ಕಳೆದ ವರ್ಷ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ‘ರಸ್ತೆಯಲ್ಲಿ ತಿಪ್ಪೆ ಹಾಕುವವರಿಗೆ 500 ರೂಪಾಯಿ ದಂಡ’ ಎಂದು ಠರಾವು ಮಾಡಿ, ಊರಲ್ಲೆಲ್ಲ ಡಂಗುರವನ್ನೂ ಸಾರಿಸಿದರು. ಆದರೆ ಇದುವರೆಗೆ ಯಾರಿಂದಲೂ ಒಂದು ರೂಪಾಯಿ ವಸೂಲಾಗಿಲ್ಲ. ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿದರೆ ‘ಬೈಲಾ ಇಲ್ಲದೆ ದಂಡ ಹಾಕಲು ಬರುವುದಿಲ್ಲ, ನನ್ನಿಂದ ಏನೂ ಆಗುವುದಿಲ್ಲ’ ಎನ್ನುತ್ತಾರೆ. ಇಡೀ ಸಭೆ ಒಪ್ಪಿದ ಠರಾವಿಗೆ ಬೆಲೆಯೇ ಇಲ್ಲವೇ? ಪಕ್ಕದವರೊಡನೆ ಜಗಳವಾಡಿ ಮಾತು ಬಿಡುವ ಇಚ್ಛೆ ನನಗಿಲ್ಲ, ಏಕೆಂದರೆ ನಮ್ಮ ಎರಡೂ ಮನೆಗಳ ಹೊಲದ ದಾರಿ ಒಂದೇ. ತಿಳಿದವರು ದಯವಿಟ್ಟು ಕ್ರಮವನ್ನು ವಿವರಿಸಬೇಕು.

ಉತ್ತರ 1 (ನಿವೃತ್ತ ಪಂಚಾಯಿತಿ ಕಾರ್ಯದರ್ಶಿ)

ನಿಮ್ಮ ಅಧಿಕಾರಿ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ನುಣುಚಿಕೊಳ್ಳುವ ಮಾತು.

ಸರಿಯಾದ ಅರ್ಧ ಇದು. ಠರಾವು ಎಂದರೆ ಸಭೆಯ ತೀರ್ಮಾನ; ಅದು ಪಂಚಾಯಿತಿಯ ಕಚೇರಿಯನ್ನು ಕಟ್ಟಿಹಾಕುತ್ತದೆಯೇ ಹೊರತು ಊರಿನವರ ಜೇಬಿಗೆ ಕೈಹಾಕುವ ಅಧಿಕಾರವನ್ನು ತಾನಾಗಿ ಕೊಡುವುದಿಲ್ಲ. ದಂಡ ವಿಧಿಸಬೇಕಾದರೆ ಅದಕ್ಕೆ ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿಯೋ, ಅದರ ಅಡಿಯಲ್ಲಿ ಕ್ರಮಬದ್ಧವಾಗಿ ಮಾಡಿದ ಉಪವಿಧಿಯಲ್ಲಿಯೋ ಆಧಾರ ಇರಬೇಕು. ಉಪವಿಧಿ ಎಂದರೂ ಬೈಲಾ ಎಂದರೂ ಒಂದೇ. ಅದು ಒಂದೇ ಸಭೆಯಲ್ಲಿ ಕೈ ಎತ್ತಿ ಮುಗಿಸುವ ಕೆಲಸವಲ್ಲ: ಕರಡನ್ನು ಪ್ರಕಟಿಸಬೇಕು, ಜನರಿಂದ ಆಕ್ಷೇಪಣೆಗಳನ್ನು ಕರೆಯಬೇಕು, ಬಂದ ಆಕ್ಷೇಪಣೆಗಳನ್ನು ಚರ್ಚಿಸಬೇಕು, ಆಮೇಲೆ ಮೇಲಿನವರ ಮಂಜೂರಾತಿ ಪಡೆಯಬೇಕು. ಘನತ್ಯಾಜ್ಯ ನಿರ್ವಹಣೆಗೆ ಮಾದರಿ ಬೈಲಾ ಇದೆ, ಅನೇಕ ಪಂಚಾಯಿತಿಗಳು ಅದನ್ನು ಅಳವಡಿಸಿಕೊಂಡಿವೆ. ನಿಮ್ಮಲ್ಲಿ ಅದು ಆಗಿದೆಯೇ ಎಂದು ಮೊದಲು ಕೇಳಿ. ಎಷ್ಟೋ ಕಡೆ ಬೈಲಾ ಮಂಜೂರಾಗಿ ಬಂದು ಬೀರುವಿನಲ್ಲಿ ಕುಳಿತಿರುತ್ತದೆ, ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

ಇನ್ನರ್ಧಕ್ಕೆ ಬರುತ್ತೇನೆ. ದಂಡ ಬೇರೆ, ತೆರವು ಬೇರೆ. ಬೀದಿ ಮತ್ತು ಚರಂಡಿಗಳ ನೈರ್ಮಲ್ಯವನ್ನು ಕಾಪಾಡುವುದು, ಸಾರ್ವಜನಿಕ ರಸ್ತೆಯ ಒತ್ತುವರಿಯನ್ನು ತೆಗೆಸುವುದು ಇವೆಲ್ಲ ಅಧಿನಿಯಮದ 58ನೇ ಪ್ರಕರಣವೇ (ಸೆಕ್ಷನ್) ಪಂಚಾಯಿತಿಗೆ ಹೊರಿಸಿದ ಕರ್ತವ್ಯಗಳು. ರಸ್ತೆಯಲ್ಲಿರುವ ಅಡಚಣೆಯನ್ನು ತೆಗೆಯಿರಿ ಎಂದು ನೋಟಿಸು ಕೊಡಲು ಯಾವ ಬೈಲಾವೂ ಬೇಕಾಗಿಲ್ಲ. ನಿಮಗೆ ಬೇಕಿರುವುದು ಪಕ್ಕದವರ 500 ರೂಪಾಯಿಯಲ್ಲ, ತಿಪ್ಪೆ ಜಾಗ ಬದಲಾಯಿಸುವುದು. ಆದ್ದರಿಂದ ಅರ್ಜಿಯಲ್ಲಿ ದಂಡದ ಮಾತನ್ನೇ ಎತ್ತಬೇಡಿ.

ಬಾಯಿಮಾತಿನ ದೂರು ಕಚೇರಿಯ ಲೆಕ್ಕದಲ್ಲಿ ದೂರೇ ಅಲ್ಲ. ಲಿಖಿತ ಅರ್ಜಿ ಕೊಟ್ಟು, ಆವಕ ವಹಿಯಲ್ಲಿ (ಕಚೇರಿಗೆ ಬಂದ ಪತ್ರಗಳನ್ನು ದಾಖಲಿಸುವ ಪುಸ್ತಕ) ನಮೂದು ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸಂಖ್ಯೆ, ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ನಾನು ಕೆಲಸದಲ್ಲಿದ್ದಾಗ ಒಬ್ಬ ಹಿರಿಯರು ಒಂದೇ ಹಾಳೆಯಲ್ಲಿ ತಿಪ್ಪೆ, ಬೀದಿದೀಪ ಮತ್ತು ಮಗನಿಗೆ ಮನೆ ಮಂಜೂರಾತಿ ಮೂರನ್ನೂ ಬರೆದು ತಂದಿದ್ದರು. ಗುಮಾಸ್ತರು ಅದನ್ನು ಬೀದಿದೀಪದ ಕಡತಕ್ಕೆ ಸೇರಿಸಿದರು, ಬಲ್ಬು ಬದಲಾಯಿಸಿದ ದಿನ ‘ಅರ್ಜಿ ವಿಲೇವಾರಿಯಾಗಿದೆ’ ಎಂದು ಷರಾ ಬರೆದು ಕಡತ ಮುಚ್ಚಿದರು. ತಿಪ್ಪೆ ಇದ್ದಲ್ಲಿಯೇ ಇತ್ತು.

ಅರ್ಜಿಯ ಕೊನೆಯಲ್ಲಿ ಎರಡು ಬೇಡಿಕೆ ಸಾಕು: ಸ್ಥಳ ಪರಿಶೀಲನೆ ಮಾಡಿ ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ ವರದಿ, ಬರೆಯಬೇಕು, ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಸಭೆಯ ಕೊನೆಗೆ ‘ಇತರೆ’ ಎಂದು ಬಂದು, ಚಹಾ ಕುಡಿಯುವ ಗದ್ದಲದಲ್ಲಿ ಕರಗಿಹೋಗುತ್ತದೆ.

ಉತ್ತರ 2 (ಗ್ರಾಮ ಪಂಚಾಯಿತಿ ಸದಸ್ಯೆ)

ಉತ್ತರ 1ರ ಹಿರಿಯರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಸದಸ್ಯರು ಏಕೆ ಹಿಂಜರಿಯುತ್ತಾರೆ ಎಂಬುದನ್ನು ನಮ್ಮ ಕಡೆಯಿಂದಲೂ ಕೇಳಿ. ನನ್ನ ವಾರ್ಡಿನಲ್ಲಿ ರಸ್ತೆಗೆ ತಾಗಿದ ತಿಪ್ಪೆಗಳು ಹನ್ನೊಂದು ಇವೆ, ಅವುಗಳಲ್ಲಿ ಒಂದು ನನ್ನ ಮೈದುನನದೇ. ಒಬ್ಬರಿಗೆ ಮಾತ್ರ ನೋಟಿಸು ಕೊಟ್ಟರೆ ‘ನನ್ನೊಬ್ಬನದೇ ಕಣ್ಣಿಗೆ ಬಿತ್ತೇ?’ ಎಂದು ಕೇಳುತ್ತಾರೆ, ಕೇಳುವುದರಲ್ಲಿ ನ್ಯಾಯವೂ ಇದೆ. ಮನೆಯ ಹಿಂದೆ ಅಂಗೈ ಅಗಲದ ಹಿತ್ತಿಲೂ ಇಲ್ಲದವರು ಸಗಣಿಯನ್ನು ಎಲ್ಲಿಗೆ ಒಯ್ಯಬೇಕು?

ನಾವು ಈ ವಿಷಯವನ್ನು ಒಬ್ಬರ ಮೇಲಿನ ದೂರಾಗಿ ಅಲ್ಲದೆ ವಾರ್ಡ್ ಸಭೆಯಲ್ಲಿ ಇಡೀ ಬೀದಿಯ ವಿಷಯವಾಗಿ ಎತ್ತಿದೆವು. ಅಲ್ಲಿಂದ ಅದು ಗ್ರಾಮ ಸಭೆಗೆ ಹೋಯಿತು. ಊರ ಹೊರಗಿನ ಜಾಗವೊಂದರಲ್ಲಿ ಸಾಲಾಗಿ ಗೊಬ್ಬರದ ಗುಂಡಿಗಳನ್ನು ತೆಗೆಸಿ, ಸುಗ್ಗಿ ಮುಗಿಯುವವರೆಗೆ ಸಮಯ ಕೊಟ್ಟು, ಆಮೇಲೆ ಹನ್ನೊಂದು ಮನೆಗೂ ಒಂದೇ ದಿನ ನೋಟಿಸು ಕೊಟ್ಟೆವು. ಒಂಬತ್ತು ತಿಪ್ಪೆ ಹೋದವು. ಉಳಿದ ಎರಡರ ಮಾಲೀಕರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ, ಅದು ಬೇರೆ ಮಾತು. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಪಕ್ಕದವರೊಡನೆ ಮಾತು ಬಿಡಬಾರದು ಎಂದರೆ ನಿಮಗೆ ಈ ದಾರಿಯೇ ಒಳ್ಳೆಯದು.

ಉತ್ತರ 3 (ವಕೀಲರು)

ಮೇಲಿನ ಎರಡೂ ಉತ್ತರಗಳಲ್ಲಿ ಬಿಟ್ಟುಹೋದ ಒಂದು ಸಂಗತಿಯಿದೆ. ತಿಪ್ಪೆ ಇರುವ ಜಾಗ ಯಾರದು ಎಂಬುದು ಮೊದಲು ತೀರ್ಮಾನವಾಗಬೇಕು. ಗ್ರಾಮಠಾಣೆಯೊಳಗಿನ (ಊರಿನ ಮನೆಗಳಿರುವ ಜಾಗ) ಸಾರ್ವಜನಿಕ ರಸ್ತೆಯಾದರೆ ಪಂಚಾಯಿತಿಯೇ ಕ್ರಮ ಕೈಗೊಳ್ಳಬಹುದು. ಕಂದಾಯ ಇಲಾಖೆಗೆ ಸೇರಿದ ಸರ್ಕಾರಿ ಜಾಗವಾದರೆ ವಿಷಯ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ಪಕ್ಕದವರ ಸ್ವಂತ ನಿವೇಶನವೇ ಆಗಿದ್ದರೆ ಒತ್ತುವರಿಯ ಮಾತೇ ಬರುವುದಿಲ್ಲ, ನೈರ್ಮಲ್ಯ ಮತ್ತು ಸಾರ್ವಜನಿಕ ಉಪದ್ರವದ ಪ್ರಶ್ನೆ ಮಾತ್ರ ಉಳಿಯುತ್ತದೆ. ಅವರ ಆಸ್ತಿಯ ನಮೂನೆ 9ರಲ್ಲಿ (ಪಂಚಾಯಿತಿಯ ಆಸ್ತಿ ದಾಖಲೆ) ಬರೆದಿರುವ ಅಳತೆ ಮತ್ತು ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ) ಸ್ಥಳಕ್ಕೆ ಹೋಲಿಸಿ ನೋಡದೆ ನೋಟಿಸು ಹೊರಟರೆ, ಅವರ ಕಡೆಯ ವಕೀಲರು ಮೊದಲ ದಿನವೇ ಅದನ್ನು ಮೂಲೆಗೆ ತಳ್ಳುತ್ತಾರೆ. ಹಾಗೆಯೇ, ಅವರಿಗೆ ನೋಟಿಸು ಕೊಟ್ಟು ಉತ್ತರ ಹೇಳಲು ಅವಕಾಶ ಕೊಡದೆ ಹೊರಡಿಸಿದ ಆದೇಶವೂ ನಿಲ್ಲುವುದಿಲ್ಲ.

ಪಂಚಾಯಿತಿಯ ಆದೇಶದಿಂದ ಬಾಧಿತರಾದವರು ಪಂಚಾಯತ್ ರಾಜ್ ಅಧಿನಿಯಮದ 269ನೇ ಪ್ರಕರಣದಂತೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಮೇಲ್ಮನವಿಗೆ ಆದೇಶವೊಂದು ಇರಬೇಕು. ನಿಮ್ಮ ಕೈಯಲ್ಲಿ ಈಗ ಯಾವ ಆದೇಶವೂ ಇಲ್ಲ, ಹಿಂಬರಹವೂ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಇಲ್ಲ. ಆದ್ದರಿಂದ ‘ಆಗುವುದಿಲ್ಲ’ ಎಂಬುದನ್ನು ಅಧಿಕಾರಿಯವರಿಂದ ಬರವಣಿಗೆಯಲ್ಲಿ ಪಡೆಯಿರಿ. ಬರೆದುಕೊಡಬೇಕಾದಾಗ ಅನೇಕ ‘ಆಗುವುದಿಲ್ಲ’ಗಳು ‘ಪರಿಶೀಲಿಸಲಾಗುವುದು’ ಎಂದು ಬದಲಾಗುವುದನ್ನು ನಾನು ಕಂಡಿದ್ದೇನೆ. ಗ್ರಾಮ ನೈರ್ಮಲ್ಯ ನಿರ್ವಹಣೆ ಸಕಾಲ (ಕಾಲಮಿತಿಯೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಸೇವೆಗಳಲ್ಲಿ ಸೇರಿರುವುದರಿಂದ ಆ ಮೂಲಕವೂ ಅರ್ಜಿ ಹಾಕಿ ಸ್ವೀಕೃತಿ ಸಂಖ್ಯೆ ಪಡೆಯಬಹುದು. ವಿಳಂಬವಾದರೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಮಾತ್ರ, ಆದರೆ ಅಧಿಕಾರಿಯ ಮೇಲೆ ಕಾಲಮಿತಿಯ ಭಾರ ಬೀಳುತ್ತದೆ. ಕಳೆದ ವರ್ಷದ ಠರಾವಿನ ನಡಾವಳಿಯ ಪ್ರತಿ ಮತ್ತು ಬೈಲಾದ ಸ್ಥಿತಿಗತಿ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು.

‘ನಿಧಿ ಇಲ್ಲ, ಸಿಬ್ಬಂದಿ ಇಲ್ಲ’ ಎಂಬ ಉತ್ತರ ಬಂದರೆ ಎದೆಗುಂದಬೇಡಿ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ, ತೆರೆದ ಚರಂಡಿಗಳ ಬಗ್ಗೆ ನಿವಾಸಿಗಳು ದೂರಿದ್ದಾಗ, ಹಣವಿಲ್ಲ ಎಂಬ ಕಾರಣವನ್ನು ಸುಪ್ರೀಂ ಕೋರ್ಟ್ 1980ರಲ್ಲಿಯೇ ತಳ್ಳಿಹಾಕಿದೆ. ಅಂದು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಪ್ರಕರಣ, ಸಾರ್ವಜನಿಕ ಉಪದ್ರವವನ್ನು ತೆಗೆಸುವಂಥದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ ಸಮನಾದುದು 152ನೇ ಪ್ರಕರಣ. ಆದರೆ ಅದು ಕೊನೆಯ ಅಸ್ತ್ರ. ಹೊಲದ ದಾರಿ ಒಂದೇ ಎಂದಿದ್ದೀರಿ, ಅದನ್ನು ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಸೋಮವಾರ ಅರ್ಜಿ ಕೊಟ್ಟೆ. ಆವಕ ವಹಿ ಸಿಗುತ್ತಿಲ್ಲ ಎಂದರು, ಸಿಗುವವರೆಗೆ ಕಾಯುತ್ತೇನೆ ಎಂದು ಬೆಂಚಿನ ಮೇಲೆ ಕುಳಿತೆ, ಅರ್ಧ ಗಂಟೆಯಲ್ಲಿ ಸಿಕ್ಕಿತು. ಅದೇ ಸಂಜೆ ಪಕ್ಕದವರ ಮನೆಗೆ ಹೋಗಿ ಅರ್ಜಿಯ ಪ್ರತಿಯನ್ನು ನಾನೇ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುಂಡಿಗೆ ಜಾಗ ತೋರಿಸಲಿ, ನಾನೇನು ರಸ್ತೆಯಲ್ಲೇ ಹಾಕಬೇಕೆಂದು ಹರಕೆ ಹೊತ್ತಿಲ್ಲ’ ಎಂದರು. ಆ ಮಾತನ್ನೂ ಸೇರಿಸಿ, ಸಾಮೂಹಿಕ ಗುಂಡಿಗೆ ಜಾಗ ಕೇಳುವ ಇನ್ನೊಂದು ಅರ್ಜಿಗೆ ಇಬ್ಬರೂ ಸಹಿ ಹಾಕಿ ಕೊಡುವುದೆಂದು ಮಾತಾಗಿದೆ. ಮಹಜರಿಗೆ ಗುರುವಾರ ಬರುತ್ತಾರಂತೆ.

ಉತ್ತರ 1ರವರಿಂದ

ಗುರುವಾರ ಟೇಪು ಹಿಡಿಯುವಾಗ ಪಕ್ಕದವರೂ ಅಲ್ಲಿರಲಿ, ಮಹಜರಿಗೆ ಅವರ ಸಹಿಯೂ ಬೀಳಲಿ. ಗುಂಡಿಯ ಅರ್ಜಿಗೆ ಬೇರೆ ಆವಕ ಸಂಖ್ಯೆ ಹಾಕಿಸಿಕೊಳ್ಳಲು ಮರೆಯಬೇಡಿ.