ಪ್ರಿಂಟ್‌ಎಫ್ ಹಾಕಿದ್ರೆ ಮೊತ್ತ ಸರಿ, ತೆಗೆದ್ರೆ ತಪ್ಪು! ಯಾರಾದ್ರೂ ಬಿಡಿಸಿ ಹೇಳಿ

ಹೊಸಬ_ಸಿ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಸಿ ಭಾಷೆಯಲ್ಲಿ ಐದು ವಿಷಯದ ಅಂಕ ತಗೊಂಡು ಮೊತ್ತ ತೋರಿಸೋ ಪ್ರೋಗ್ರಾಂ, ಅಷ್ಟೇ. ಎರರ್ ಒಂದೂ ಇಲ್ಲ. ಕಂಪೈಲ್ ಆಗುತ್ತೆ, ಓಡುತ್ತೆ, ಮೊತ್ತ ಮಾತ್ರ ಸುಳ್ಳು. ಎಲ್ಲಿ ಎಡವಟ್ಟಾಗ್ತಿದೆ ನೋಡೋಣ ಅಂತ ಲೂಪ್ (ಮತ್ತೆ ಮತ್ತೆ ಓಡೋ ಭಾಗ) ಒಳಗೆ ಒಂದು ಪ್ರಿಂಟ್‌ಎಫ್ (ಸ್ಕ್ರೀನ್ ಮೇಲೆ ಬರೆಯೋ ಸಾಲು) ಹಾಕಿದ್ರೆ ಸರಿಯಾದ ಮೊತ್ತ ಬರುತ್ತೆ! ತೆಗೆದ್ರೆ ಮತ್ತೆ ಸುಳ್ಳು. ಲ್ಯಾಬಲ್ಲಿ ಇದೇ ಪ್ರೋಗ್ರಾಂ ಸರಿ ಓಡಿತ್ತು. ಕೋಡ್ ತುಂಬಾ ಸಿಂಪಲ್, ಎಲ್ಲರಿಗೂ ಗೊತ್ತಿರೋದೇ, ಅದಕ್ಕೇ ಹಾಕಿಲ್ಲ. ನಾಳೆ ಸಲ್ಲಿಸಬೇಕು. ಬೇಗ ಹೇಳಿ ಪ್ಲೀಸ್.

ಬಫರ್_ಬೇಟೆಗಾರ:
ಕೋಡ್ ನೋಡೋದೇ ಬೇಡ. ಸ್ಕ್ಯಾನ್‌ಎಫ್ (ಕೀಬೋರ್ಡಿಂದ ಓದೋ ಫಂಕ್ಷನ್) ಕಾಟ ಇದು. ನೀವು ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದಾಗ ಅದರೊಳಗಿನ ಪರ್ಸೆಂಟ್ ಡಿ (ನಂಬರ್ ಓದು ಅನ್ನೋ ಗುರುತು) ನಂಬರನ್ನಷ್ಟೇ ಎತ್ಕೊಳ್ಳುತ್ತೆ, ಎಂಟರ್ ಬಫರಲ್ಲೇ (ಟೈಪ್ ಮಾಡಿದ್ದು ಕಾಯೋ ಜಾಗ) ಉಳ್ಕೊಳ್ಳುತ್ತೆ. ಮುಂದಿನ ಸಲ ಓದುವಾಗ ಅದೇ ಕೈಗೆ ಸಿಗುತ್ತೆ. ಪ್ರತಿ ಸ್ಕ್ಯಾನ್‌ಎಫ್ ಆದ್ಮೇಲೆ ಬಫರ್ ಖಾಲಿ ಮಾಡೋಕೆ ಎಫ್‌ಫ್ಲಶ್(ಎಸ್‌ಟಿಡಿಇನ್) ಹಾಕಿ, ಮುಗೀತು.

ಪಾಯಿಂಟರ್_ಪ್ರಿಯ:
ಪರ್ಸೆಂಟ್ ಡಿ ತನ್ನ ಮುಂದಿರೋ ಸ್ಪೇಸು, ಎಂಟರು ಎಲ್ಲವನ್ನೂ ತಾನೇ ದಾಟ್ಕೊಂಡು ಹೋಗುತ್ತೆ. ಆ ಎಂಟರ್ ಕಾಟ ಕೊಡೋದು ಒಂದೇ ಅಕ್ಷರ ಓದೋ ಪರ್ಸೆಂಟ್ ಸಿ ಅಥವಾ ಇಡೀ ಸಾಲು ಓದೋ ಎಫ್‌ಗೆಟ್ಸ್ ಇದ್ರೆ. @ಹೊಸಬ_ಸಿ, ಹೆಸರು ಗಿಸರು ಏನಾದ್ರೂ ಓದ್ತಿದ್ದೀರಾ? ಇನ್ನು ಎಫ್‌ಫ್ಲಶ್ ಇರೋದು ಔಟ್‌ಪುಟ್‌ಗೆ. ಇನ್‌ಪುಟ್ ಮೇಲೆ ಹಾಕಿದ್ರೆ ಏನಾಗುತ್ತೆ ಅಂತ ಸಿ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮ) ಹೇಳೋದೇ ಇಲ್ಲ. ಹೊಸಬರಿಗೆ ಇದನ್ನ ಯಾಕೆ ಕಲಿಸ್ತೀರಿ?

ಹೊಸಬ_ಸಿ:
ಇಲ್ಲ ಸರ್, ಬರೀ ಅಂಕ. ಎಫ್‌ಫ್ಲಶ್ ಹಾಕಿ ನೋಡಿದೆ, ಅದೇ ಸುಳ್ಳು ಮೊತ್ತ.

ಬಫರ್_ಬೇಟೆಗಾರ:
ಸರಿಯಾದ ಜಾಗದಲ್ಲಿ ಹಾಕಿರಲ್ಲ. ಸ್ಕ್ಯಾನ್‌ಎಫ್ ಆದ ತಕ್ಷಣ ಬರ್ಬೇಕು, ಮೊದಲಲ್ಲ. @ಪಾಯಿಂಟರ್_ಪ್ರಿಯ, ಸ್ಟ್ಯಾಂಡರ್ಡ್ ಓದ್ಕೊಂಡು ಕೂತ್ರೆ ಪ್ರೋಗ್ರಾಂ ಓಡಲ್ಲ. ನನ್ನ ಹತ್ರ ಓಡುತ್ತೆ.

ಪಾಯಿಂಟರ್_ಪ್ರಿಯ:
ನಿಮ್ಮ ಕಂಪೈಲರ್ (ಕೋಡನ್ನ ಮೆಷೀನ್ ಭಾಷೆಗೆ ತಿರುಗಿಸೋ ಪ್ರೋಗ್ರಾಂ) ಉದಾರಿ, ಅದಕ್ಕೆ ಓಡುತ್ತೆ. ಮೈಕ್ರೋಸಾಫ್ಟ್ ವಿಷುವಲ್ ಸ್ಟುಡಿಯೋದಲ್ಲೂ ಮೊದಲು ಓಡ್ತಿತ್ತು, 2015ರ ಆವೃತ್ತಿಯಿಂದ ಅದೂ ಇಲ್ಲ. ಬಫರ್ ಖಾಲಿ ಆಗ್ಬೇಕಂದ್ರೆ ಎಂಟರ್ ಸಿಗೋವರೆಗೆ ಒಂದೊಂದೇ ಅಕ್ಷರ ಓದೋ ಗೆಟ್‌ಚಾರ್ ಲೂಪ್ ಹಾಕಿ. ಆದ್ರೆ ಇಲ್ಲಿ ಅದೂ ಬೇಕಿಲ್ಲ, ಸಮಸ್ಯೆ ಅದಲ್ಲವೇ ಅಲ್ಲ.

ಅರ್ಧವಿರಾಮ:
ಲೂಪ್ ಶುರು ಮಾಡೋ ಫಾರ್ ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿದ್ದೀರಾ ನೋಡಿ. ಹತ್ತರಲ್ಲಿ ಒಂಬತ್ತು ಕೇಸ್ ಅದೇ.

ಹೊಸಬ_ಸಿ:
ಇಲ್ಲ.

ಸೊನ್ನೆಯಿಂದ:
ಕೋಡ್ ಇಲ್ಲ, ಯಾವ ಕಂಪೈಲರ್ ಗೊತ್ತಿಲ್ಲ, ಏನು ಕೊಟ್ರೆ ಏನು ಬರುತ್ತೆ ಅನ್ನೋದೂ ಇಲ್ಲ. ಎಲ್ಲರೂ ಕಣ್ಣು ಮುಚ್ಚಿ ಬಾಣ ಬಿಡ್ತಿದ್ದೀವಿ. ಈ ಮೂರನ್ನೂ ಹಾಕಿ ಮಾರಾಯ್ರೆ, ಆಮೇಲೆ ಮಾತಾಡೋಣ.

ಹೊಸಬ_ಸಿ:
ಕಂಪೈಲರ್ ಮಾಮೂಲಿದೇ ಸರ್, ನೀಲಿ ಸ್ಕ್ರೀನ್ ಬರುತ್ತಲ್ಲ ಅದು.

ಹಳೇ_ಕೀಬೋರ್ಡ್:
ಟರ್ಬೋ ಸಿ, ಡಾಸ್ ಕಾಲದ ಹಳೇ ಕಂಪೈಲರ್! ಹಾಗಾದ್ರೆ ಸಿಕ್ಕಿತು. ಅದರಲ್ಲಿ ಇಂಟ್ (ಪೂರ್ಣಾಂಕ) ಅಂದ್ರೆ ಎರಡೇ ಬೈಟ್, 32767 ದಾಟಿದ್ರೆ ಮೈನಸ್‌ಗೆ ಹೋಗುತ್ತೆ. ದೊಡ್ಡ ಸಂಖ್ಯೆ ಹಿಡಿಯೋ ಲಾಂಗ್ ಮಾಡಿ.

ಸೊನ್ನೆಯಿಂದ:
ಐದು ವಿಷಯದ ಅಂಕ ಕೂಡಿದ್ರೆ 32767 ಹೇಗೆ ದಾಟುತ್ತೆ?

ಹಳೇ_ಕೀಬೋರ್ಡ್:
ಹಾಗೇ ಹೇಳಿದೆ. ಹೊಸಬರಿಗೆ ಗೊತ್ತಿರ್ಲಿ.

ಕಪ್ಪು_ಟರ್ಮಿನಲ್:
ಈಗಲೂ ಟರ್ಬೋ ಸಿ ಬಳಸ್ತಾರಾ? ಸಿ ಭಾಷೆಗೆ ಮೊದಲ ಸ್ಟ್ಯಾಂಡರ್ಡ್ ಬಂದದ್ದು 1989ರಲ್ಲಿ, ಅಲ್ಲಿಂದೀಚೆಗೆ ಎಷ್ಟೋ ಬದಲಾಗಿದೆ. ಸಾಲು ಓದೋ ನಿಮ್ಮ ಹಳೇ ಗೆಟ್ಸ್ ಫಂಕ್ಷನ್ ಅನ್ನೇ 2011ರಲ್ಲಿ ಸ್ಟ್ಯಾಂಡರ್ಡ್‌ನಿಂದ ತೆಗೆದು ಹಾಕಿದ್ರು. ನಾನು ಜಿಸಿಸಿ ಕಂಪೈಲರ್‌ನ 15ನೇ ಆವೃತ್ತಿಯಲ್ಲಿದ್ದೀನಿ, ಏನೂ ಹೇಳದಿದ್ರೂ ಹೊಸ ಸ್ಟ್ಯಾಂಡರ್ಡ್ ಆದ ಸಿ23 ಮೋಡಲ್ಲೇ ಕಂಪೈಲ್ ಆಗುತ್ತೆ.

ಹೊಸಬ_ಸಿ:
ಕ್ಷಮಿಸಿ, ನೀಲಿ ಸ್ಕ್ರೀನ್ ಲ್ಯಾಬಲ್ಲಿರೋದು. ಅಲ್ಲಿ ಸರಿ ಬರುತ್ತೆ ಅಂತ ಮೊದಲೇ ಹೇಳಿದ್ನಲ್ಲ. ಮನೆಯಲ್ಲಿ ಕೋಡ್‌ಬ್ಲಾಕ್ಸ್ (ಕೋಡ್ ಬರೆದು ಓಡಿಸೋ ಸಾಫ್ಟ್‌ವೇರ್), ವಿಂಡೋಸ್. ತಪ್ಪು ಬರೋದು ಮನೆಯಲ್ಲಿ. ಕೋಡ್ ಇರೋದು ಕಂಪ್ಯೂಟರಲ್ಲಿ, ನಾನಿರೋದು ಮೊಬೈಲಲ್ಲಿ. ಸ್ಕ್ರೀನ್ ಫೋಟೋ ಹಾಕಿದ್ದೀನಿ ನೋಡಿ.

ಅರ್ಧವಿರಾಮ:
ಫೋಟೋದಲ್ಲಿ ಅರ್ಧ ಫ್ಲ್ಯಾಶ್ ಬೆಳಕು, ಇನ್ನರ್ಧ ನಿಮ್ಮ ಹೆಬ್ಬೆರಳು. ಕಾಣೋ ಭಾಗದಲ್ಲಿ ‘ವಾಯ್ಡ್ ಮೇನ್’ (ಏನೂ ಹಿಂದಿರುಗಿಸದ ಮುಖ್ಯ ಫಂಕ್ಷನ್) ಇದೆ. ಮೊದಲು ‘ಇಂಟ್ ಮೇನ್’ ಮಾಡಿ.

ಹಳೇ_ಕೀಬೋರ್ಡ್:
ವಾಯ್ಡ್ ಮೇನ್‌ನಿಂದ ಮೊತ್ತ ಯಾಕೆ ತಪ್ಪಾಗುತ್ತೆ ಗುರು? ನಾವೆಲ್ಲ ಅದರಲ್ಲೇ ಕಲಿತಿದ್ದು.

ಅರ್ಧವಿರಾಮ:
ತಪ್ಪಾಗಲ್ಲ. ಆದ್ರೂ ತಪ್ಪು. ಪ್ರೋಗ್ರಾಂ ಮುಗಿದಾಗ ಆಪರೇಟಿಂಗ್ ಸಿಸ್ಟಂಗೆ ಒಂದು ನಂಬರ್ ಒಪ್ಪಿಸ್ಬೇಕು, ವಾಯ್ಡ್ ಅಂದ್ರೆ ಏನು ಒಪ್ಪಿಸ್ತೀರಿ?

ಹಳೇ_ಕೀಬೋರ್ಡ್:
ಯಾರು ಕೇಳ್ತಾರೆ ಅದನ್ನ?

*(ವಾಯ್ಡ್ ಮೇನ್ ಕುರಿತ ಇನ್ನುಳಿದ ಉತ್ತರಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. – ನಿರ್ವಾಹಕರು)*

ಸೊನ್ನೆಯಿಂದ:
ಫೋಟೋ ದೊಡ್ಡದು ಮಾಡಿ ಓದಿದೆ. ನನಗೆ ಕಂಡಷ್ಟು:

ಇಂಟ್ ಐ, ಮೊತ್ತ = 0, ಅಂಕ[5];
ಫಾರ್ (ಐ = 1; ಐ <= 5; ಐ++)

ಲೂಪ್ ಒಳಗೆ ಅಂಕ[ಐ] ಓದಿ, ತಕ್ಷಣ ಮೊತ್ತಕ್ಕೆ ಕೂಡಿಸ್ತಿದ್ದೀರಿ. ಸರೀನಾ? ಸರಿ ಇದ್ರೆ ಎರಡು ಪ್ರಶ್ನೆ. ಒಂದು, ಯಾವ ಅಂಕ ಕೊಟ್ರಿ, ಮೊತ್ತ ಎಷ್ಟು ಬಂತು? ಎರಡು, ಪ್ರಿಂಟ್‌ಎಫ್ ಹಾಕುವಾಗ ಅದರ ಜೊತೆ ಬೇರೆ ಏನಾದ್ರೂ ಸೇರಿಸಿದ್ರಾ?

ಬಫರ್_ಬೇಟೆಗಾರ:
ಸ್ಕ್ಯಾನ್‌ಎಫ್ ಸಾಲು ಫೋಟೋದಲ್ಲಿ ಕಾಣ್ತಿಲ್ಲ. ಅಲ್ಲೇ ಇರೋದು ಗಂಟು. ವೇರಿಯಬಲ್‌ನ ವಿಳಾಸ ಕೊಡೋ ಆಂಪರ್‌ಸ್ಯಾಂಡ್ (&) ಬಿಟ್ಟಿರ್ತಾರೆ.

ಹೊಸಬ_ಸಿ:
ಸರೀ ಓದಿದ್ದೀರಿ ಸರ್. ಆಂಪರ್‌ಸ್ಯಾಂಡ್ ಇದೆ. 40, 50, 60, 70, 80 ಕೊಟ್ಟೆ. 300 ಬರ್ಬೇಕು, 160 ಬರುತ್ತೆ. ಪ್ರಿಂಟ್‌ಎಫ್ ಜೊತೆ ಏನೂ ಸೇರಿಸಿಲ್ಲ, ಎಷ್ಟನೇ ಸುತ್ತು ಅಂತ ಎಣಿಸೋಕೆ ‘ಇಂಟ್ ಪರೀಕ್ಷೆ’ ಅಂತ ಒಂದು ವೇರಿಯಬಲ್ ಹಾಕ್ಕೊಂಡೆ, ಅಷ್ಟೇ. ಅದನ್ನೂ ಹೇಳ್ಬೇಕಿತ್ತಾ? ಆಮೇಲೆ ಕೊನೆಯಲ್ಲಿ ಎಲ್ಲ ಅಂಕ ಪ್ರಿಂಟ್ ಮಾಡಿದ್ರೆ ಐದನೇ ವಿಷಯಕ್ಕೂ 160 ಅಂತಲೇ ಬರುತ್ತೆ. ಅದು ಬೇರೆ ಸಮಸ್ಯೆ ಅನ್ಕೊಂಡು ಇನ್ನೊಂದು ಎಳೆ ಶುರು ಮಾಡೋಣ ಅಂತಿದ್ದೆ.

ಪಾಯಿಂಟರ್_ಪ್ರಿಯ:
ಅಯ್ಯೋ, ಇದನ್ನ ಮೊದಲನೇ ಸಾಲಲ್ಲೇ ಹೇಳ್ಬೇಕಿತ್ತಲ್ಲ!

ಸೊನ್ನೆಯಿಂದ:
160 ಅಂದ್ರೆ 80ರ ಎರಡರಷ್ಟು. ಉತ್ತರ ಅದರಲ್ಲೇ ಇದೆ.

ಅಂಕ[5] ಅಂತ ಘೋಷಿಸಿದ್ರೆ ಸಿಗೋದು ಐದು ಜಾಗ: ಅಂಕ[0]ರಿಂದ ಅಂಕ[4]ರವರೆಗೆ. ನೀವು 1ರಿಂದ ಶುರು ಮಾಡಿದ್ರಿ. 0 ಖಾಲಿ ಬಿತ್ತು. 40, 50, 60, 70 ನಾಲ್ಕೂ 1ರಿಂದ 4ರಲ್ಲಿ ಕೂತ್ಕೊಂಡ್ವು, ಮೊತ್ತ 220 ಆಯ್ತು. ಇಲ್ಲಿವರೆಗೆ ಎಲ್ಲ ಸರಿ. ಐದನೇ ಸುತ್ತಲ್ಲಿ 80ನ್ನ ಅಂಕ[5]ಕ್ಕೆ ಹಾಕಿದ್ರಿ. ಅದು ನಿಮ್ಮ ಅರೇ (ಸಾಲಾಗಿ ಇಟ್ಟ ಜಾಗಗಳು) ಅಲ್ಲ, ಅರೇ ಮುಗಿದ ಮೇಲಿನ ಜಾಗ. ನಿಮ್ಮ ಕಂಪೈಲರ್ ಆ ಜಾಗದಲ್ಲಿ ‘ಮೊತ್ತ’ವನ್ನ ಇಟ್ಟಿತ್ತು. ಹಾಗಾಗಿ 220 ಅಳಿಸಿ ಹೋಗಿ ಮೊತ್ತ 80 ಆಯ್ತು. ಮುಂದಿನ ಸಾಲು ಮೊತ್ತಕ್ಕೆ ಅಂಕ[5] ಕೂಡಿಸು ಅನ್ನುತ್ತೆ. ಎರಡೂ ಒಂದೇ ಜಾಗ, 80ಕ್ಕೆ 80 ಸೇರಿ 160. ಐದನೇ ವಿಷಯಕ್ಕೆ ನೂರಕ್ಕೆ ನೂರರವತ್ತು ಬಂದದ್ದೂ ಇದಕ್ಕೇ. ನೀವು ಓದ್ತಿರೋದು ಮೊತ್ತವನ್ನೇ.

ಪ್ರಿಂಟ್‌ಎಫ್ ಏನೂ ಸರಿ ಮಾಡಲಿಲ್ಲ. ‘ಪರೀಕ್ಷೆ’ ಬಂದಾಗ ವೇರಿಯಬಲ್‌ಗಳ ಜಾಗ ಅತ್ತಿತ್ತ ಆಗಿ, ಏಟು ಮೊತ್ತದ ಮೇಲೆ ಬೀಳೋ ಬದಲು ಬೇರೆಲ್ಲೋ ಬಿತ್ತು. ಲ್ಯಾಬಿನ ಕಂಪೈಲರ್ ಜೋಡಿಸೋ ಕ್ರಮವೇ ಬೇರೆ, ಅಲ್ಲೂ ಏಟು ಯಾರಿಗೂ ಕಾಣದ ಜಾಗದಲ್ಲಿ ಬೀಳ್ತಿದೆ. ಲ್ಯಾಬಲ್ಲೂ ಪ್ರೋಗ್ರಾಂ ತಪ್ಪೇ.

ಫಾರ್ ಸಾಲನ್ನ (ಐ = 0; ಐ < 5; ಐ++) ಮಾಡಿ. ಕೊನೆಯಲ್ಲಿ ಪ್ರಿಂಟ್ ಮಾಡೋ ಲೂಪಲ್ಲೂ ಹಾಗೇ.

ಹೊಸಬ_ಸಿ:
ಬಂತು!!! 300!! ಆದ್ರೆ ಇಷ್ಟು ದೊಡ್ಡ ತಪ್ಪಿಗೆ ಕಂಪೈಲರ್ ಎರರ್ ಯಾಕೆ ಕೊಡಲಿಲ್ಲ? ಅಂಕ[5] ಅಂದ್ರೆ ಐದನೆಯದು ತಾನೆ?

ಪಾಯಿಂಟರ್_ಪ್ರಿಯ:
ಘೋಷಿಸುವಾಗ ಬ್ರಾಕೆಟ್‌ನಲ್ಲಿರೋದು ಎಷ್ಟು ಅನ್ನೋ ಲೆಕ್ಕ. ಬಳಸುವಾಗ ಇರೋದು ಶುರುವಿನಿಂದ ಎಷ್ಟು ದೂರ ಅನ್ನೋದು. ಸಿಯಲ್ಲಿ ಅಂಕ[ಐ] ಅಂದ್ರೆ *(ಅಂಕ + ಐ), ಶುರುವಿನಿಂದ ಐ ದೂರದಲ್ಲಿರೋದು, ಬೇರೇನೂ ಅಲ್ಲ. ಮೊದಲನೆಯದು ಶುರುವಲ್ಲೇ ಇದೆ, ಅದರ ದೂರ ಸೊನ್ನೆ. ದೂರ ಅರೇ ಒಳಗಿದೆಯಾ ಹೊರಗಿದೆಯಾ ಅಂತ ಓಡುವಾಗ ಯಾರೂ ತಪಾಸಣೆ ಮಾಡಲ್ಲ. ಆ ಜವಾಬ್ದಾರಿ ಬರೆಯೋರದ್ದು. ನಿಮಗೆ ಸುಳ್ಳು ಮೊತ್ತವಾದ್ರೂ ಬಂತು, ಅದೃಷ್ಟ ಅನ್ಕೊಳ್ಳಿ. ಅಲ್ಲಿ ಮೊತ್ತದ ಬದಲು ‘ಐ’ ಇದ್ದು, ಕೊನೆಗೆ ಸೊನ್ನೆ ಕೊಟ್ಟಿದ್ರೆ ಲೂಪ್ ಮತ್ತೆ ಮೊದಲಿಂದ ಓಡ್ತಿತ್ತು.

ಹಳೇ_ಕೀಬೋರ್ಡ್:
ಇಷ್ಟೆಲ್ಲ ಯಾಕೆ? ಅಂಕ[6] ಮಾಡಿ, 1ರಿಂದಲೇ ಎಣಿಸಿ. ಒಂದು ಜಾಗ ಹೋದ್ರೆ ಗಂಟೇನು ಹೋಗುತ್ತೆ? ಅದೂ ಸರಿಯಾದ ಸಿ ಪ್ರೋಗ್ರಾಮೇ.

ಪಾಯಿಂಟರ್_ಪ್ರಿಯ:
ಸರಿಯಾದ್ದೇ, ಒಪ್ಪಿದೆ. ಆದ್ರೆ ನಾಳೆ ಇದೇ ಅರೇಯನ್ನ ಬೇರೆಯವರು ಬರೆದ ಫಂಕ್ಷನ್‌ಗೆ ಕಳಿಸಿದಾಗ ಅದು ಸೊನ್ನೆಯಿಂದಲೇ ಶುರು ಮಾಡುತ್ತೆ, ಆಗ ಮೊದಲ ಅಂಕದ ಜಾಗದಲ್ಲಿ ಕಸ ಸಿಗುತ್ತೆ.

ಕಪ್ಪು_ಟರ್ಮಿನಲ್:
ಆಪ್ಟಿಮೈಸೇಶನ್ (ಕೋಡನ್ನ ವೇಗವಾಗಿಸೋ ಕಂಪೈಲರ್ ಆಯ್ಕೆ) ಆನ್ ಮಾಡಿದ್ರೆ ಹಳೇ ಕೋಡಲ್ಲೇ ಸರಿ ಬರಬಹುದಿತ್ತು. ಮೊತ್ತ ಮೆಮೊರಿ ಬಿಟ್ಟು ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗೆ ಹೋಗ್ತಿತ್ತು.

ಸೊನ್ನೆಯಿಂದ:
ದಯವಿಟ್ಟು ಇದನ್ನ ಪರಿಹಾರ ಅಂತ ಹೇಳ್ಬೇಡಿ, ಯಾರಾದ್ರೂ ನಿಜ ಅನ್ಕೊಂಡಾರು. @ಹೊಸಬ_ಸಿ, ಕೋಡ್‌ಬ್ಲಾಕ್ಸ್‌ನ ಕಂಪೈಲರ್ ಸೆಟ್ಟಿಂಗ್ಸ್‌ನಲ್ಲಿ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿ. ಅಡ್ರೆಸ್ ಸ್ಯಾನಿಟೈಜರ್ ಸಿಕ್ಕಿದ್ರೆ ಅದನ್ನೂ ಹಾಕಿ. ಅರೇ ದಾಟಿದ ಕ್ಷಣದಲ್ಲೇ ಪ್ರೋಗ್ರಾಂ ನಿಲ್ಲಿಸಿ ಸಾಲಿನ ನಂಬರ್ ಸಮೇತ ತೋರಿಸುತ್ತೆ.

ಹೊಸಬ_ಸಿ:
ಹಾಕಿದೆ ಸರ್. ಲಿಂಕ್ ಮಾಡುವಾಗ ಯಾವುದೋ ಲೈಬ್ರರಿ ಸಿಗ್ತಿಲ್ಲ ಅಂತ ಎರರ್.

ಸೊನ್ನೆಯಿಂದ:
ಸರಿ, ನಿಮ್ಮ ಕೋಡ್‌ಬ್ಲಾಕ್ಸ್ ಬಳಸೋ ಮಿನ್‌ಜಿಡಬ್ಲ್ಯೂ ಜಿಸಿಸಿ (ವಿಂಡೋಸ್‌ನ ಜಿಸಿಸಿ) ಜೊತೆ ಅದು ಬರಲ್ಲ. ಅದರ ಆಸೆ ಬಿಡಿ, ವಾರ್ನಿಂಗ್ ಸಾಕು. ಎಂದಾದ್ರೂ ಲಿನಕ್ಸ್ ಹಾಕಿದಾಗ ನೋಡಿ.

ಕಪ್ಪು_ಟರ್ಮಿನಲ್:
ಅದಕ್ಕೇ ನಾನು ವಿಂಡೋಸ್ ಬಿಟ್ಟಿದ್ದು. ಎರಡು ಮಾನಿಟರ್, ಒಂದರಲ್ಲಿ ವಿಮ್ ಎಡಿಟರ್, ಇನ್ನೊಂದರಲ್ಲಿ ಜಿಡಿಬಿ ಡೀಬಗರ್ (ತಪ್ಪು ಹುಡುಕೋ ಸಾಧನ). ಫೈಲ್ ಸೇವ್ ಮಾಡಿದ ಕೂಡಲೇ ಕಂಪೈಲ್ ಆಗಿ ವಾರ್ನಿಂಗ್ ಪಕ್ಕದಲ್ಲೇ ಕೆಂಪಗೆ ಬರುತ್ತೆ. ಮೌಸ್ ಮುಟ್ಟಿದ್ದೇ ನೆನಪಿಲ್ಲ.

ಹಳೇ_ಕೀಬೋರ್ಡ್:
ನನ್ನದು ಒಂದೇ ಮಾನಿಟರ್, ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್, ನೀಲಿ ಸ್ಕ್ರೀನ್. ಎಫ್‌9 ಒತ್ತೋದು, ಮುಗೀತು. ಕೀಬೋರ್ಡ್ ಮಾತ್ರ ಮೆಕ್ಯಾನಿಕಲ್, ಸದ್ದು ಪಕ್ಕದ ರೂಮಿಗೆ ಕೇಳುತ್ತೆ.

ಅರ್ಧವಿರಾಮ:
ಕೀಗಳ ಕೆಳಗಿರೋದು ಯಾವ ಸ್ವಿಚ್ಚು? ನೀಲಿದಾ ಕಂದುದಾ?

ಹೊಸಬ_ಸಿ:
ಸರ್, ಇನ್ನೊಂದೇ ಒಂದು. ಕೊನೇ ಅಂಕ 81 ಮಾಡಿದೆ. ಮೊತ್ತ 301 ಸರಿ ಬಂತು. ಐದರಿಂದ ಭಾಗಿಸಿ ಸರಾಸರಿ ತೋರಿಸಿದ್ರೆ 60.20 ಬರ್ಬೇಕು, 60.00 ಬರುತ್ತೆ. ಸರಾಸರಿಯನ್ನ ಫ್ಲೋಟ್ (ದಶಮಾಂಶ ಸಂಖ್ಯೆ) ಅಂತಲೇ ಘೋಷಿಸಿದ್ದೀನಿ.

ಬಫರ್_ಬೇಟೆಗಾರ:
ಬಫರ್ ಖಾಲಿ ಮಾಡಿದ್ರಾ?

ಪಾಯಿಂಟರ್_ಪ್ರಿಯ:
ಇಂಟನ್ನ ಇಂಟಿನಿಂದ ಭಾಗಿಸಿದ್ರೆ ಇಂಟೇ ಬರೋದು. 60 ಆದ ಮೇಲೆ ಅದನ್ನ ಫ್ಲೋಟ್‌ಗೆ ಹಾಕಿ ಏನು ಪ್ರಯೋಜನ? 5ರ ಬದಲು 5.0 ಬರೀರಿ.

ಹಳೇ_ಕೀಬೋರ್ಡ್:
@ಅರ್ಧವಿರಾಮ, ನೀಲಿದು.